ಒಂದೇ ಪ್ರತಿಯ ಪುಸ್ತಕ



ಬರೆದವರೇ ತಮ್ಮ ಪುಸ್ತಕವನ್ನು ಅಚ್ಚು ಹಾಕಿಸಿ, ತಾವೇ ಹೊತ್ತು ಮಾರುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಕಾದಂಬರಿ ಪಿತಾಮಹರೆಂದು ಹೆಸರಾದ ಗಳಗನಾಥರು (1869–1942) ವೃತ್ತಿಯಿಂದ ಶಾಲಾಮಾಸ್ತರರು. ಅವರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದ ಕಥೆಯನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನಗಳನ್ನು ಜನರಿಗೆ ತಲುಪಿಸುವ ಸಲುವಾಗಿ ‘ಹಿತಚಿಂತಕ’ ಎಂಬ ಸ್ವಂತ ಮುದ್ರಣಾಲಯವನ್ನೇ ತೆರೆದು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದರೆಂಬುದು ಸರ್ವವಿದಿತ. ಅಷ್ಟು ದೂರವೇಕೆ, ನಮ್ಮ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯನ್ನೇ ನೆನೆಯಿರಿ. ತತ್ತ್ವಪದ, ಡೊಳ್ಳಿನ ಪದ, ಶರಣರ ಚರಿತ್ರೆಗಳ ತೆಳ್ಳನೆಯ ಪುಸ್ತಕಗಳನ್ನು ಚಾದರದ ಮೇಲೆ ಹರವಿಕೊಂಡು, ಪದ ಕಟ್ಟಿದವರೇ ಕುಳಿತು ಹಾಡುತ್ತ ಮಾರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೀಗಿರುವಾಗ ಒಂದು ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತ್ತು. ಪದ್ಯ, ಕಾದಂಬರಿ, ಪುರಾಣಗಳನ್ನು ಸ್ವಂತ ಖರ್ಚಿನಲ್ಲಿ ಹೊರತಂದವರು ನಮ್ಮಲ್ಲಿ ಇಷ್ಟೊಂದು ಜನರಿರುವಾಗ, ಚಿತ್ರಕಥೆಯನ್ನು ಬರೆದು, ಬಿಡಿಸಿ, ತಾವೇ ಪ್ರಕಟಿಸಿದವರು ಏಕೆ ಇಷ್ಟು ವಿರಳ? ನಮ್ಮವರಿಗೆ ಚಿತ್ರದ ಅಭಿರುಚಿ ಇರಲಿಲ್ಲವೆನ್ನಲು ಬಾರದು. ಎಸ್.ಎಂ. ಪಂಡಿತರಂಥ (1916–1993) ಕಲಾವಿದರನ್ನು ಹೆತ್ತ ಊರು ನಮ್ಮದು.

ಉತ್ತರ ಅಚ್ಚುಕೂಟದಲ್ಲಿದೆ. ಆಗಿನ ಮುದ್ರಣವೆಂದರೆ ಮೊಳೆ ಜೋಡಿಸಿ ಮಾಡುವ ಕೆಲಸ. ಸೀಸದ ಅಕ್ಷರಗಳು ಅಚ್ಚುಕೂಟದ ಸ್ವಂತ ಆಸ್ತಿ. ಒಂದು ಪುಸ್ತಕ ಮುಗಿದೊಡನೆ ಅವನ್ನು ಬಿಡಿಸಿ ಇನ್ನೊಂದಕ್ಕೆ ಬಳಸಬಹುದಿತ್ತು. ಚಿತ್ರಕ್ಕೆ ಆ ಸೌಕರ್ಯವಿರಲಿಲ್ಲ. ಪ್ರತಿ ಚಿತ್ರಕ್ಕೂ ಸತುವಿನ ತಗಡಿನ ಮೇಲೆ ಆಮ್ಲದಿಂದ ಕೊರೆದು, ಕಟ್ಟಿಗೆಗೆ ಹೊಡೆದು, ಬೇರೆಯೇ ‘ಬ್ಲಾಕು’ ಮಾಡಿಸಬೇಕು. ಅದರ ದರ ಚದರ ಇಂಚಿನ ಲೆಕ್ಕದಲ್ಲಿ. ಐದು ಇಂಚು ಅಗಲ, ಏಳು ಇಂಚು ಉದ್ದದ ಪುಟವೆಂದರೆ 35 ಚದರ ಇಂಚು. ಹದಿನಾರು ಪುಟದ ಚಿತ್ರಕಥೆಯೆಂದರೆ 560 ಚದರ ಇಂಚು ಬ್ಲಾಕು. ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಬೇಕಾದ ಒಂದೇ ಒಂದು ಭಾವಚಿತ್ರದ ಬ್ಲಾಕಿಗೆ ಸೊಲ್ಲಾಪುರಕ್ಕೆ ಆಳು ಕಳಿಸಿ, ವಾರಗಟ್ಟಲೆ ಕಾದದ್ದು ನನಗೆ ಚೆನ್ನಾಗಿ ನೆನಪಿದೆ. ಹೀಗಾಗಿ ಬಡ ಕವಿಯು ತನ್ನ ಪುಸ್ತಕವನ್ನು ಅಚ್ಚು ಹಾಕಿಸಬಹುದಾಗಿತ್ತು, ಬಡ ಚಿತ್ರಕಾರನಿಗೆ ಅದು ಎಟುಕುತ್ತಿರಲಿಲ್ಲ. ಚಿತ್ರವು ಸಹಜವಾಗಿ ಬಂಡವಾಳವಿದ್ದವರ ಕೈ ಸೇರಿತು. ಪಂಡಿತರ ದೇವದೇವಿಯರು ನಮ್ಮ ಮನೆಮನೆಯ ಗೋಡೆಗೆ ಬಂದದ್ದು ಕಂಪನಿಗಳ ಕ್ಯಾಲೆಂಡರುಗಳ ಮೂಲಕ ಎಂಬುದನ್ನು ಇಲ್ಲಿ ಸ್ಮರಿಸಬೇಕು.

ಇದಕ್ಕೆ ಅಪವಾದಗಳಿಲ್ಲದಿಲ್ಲ. ವೃತ್ತಿಯಿಂದ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರು, 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿ 1967ರವರೆಗೆ ನಡೆಸಿದರು. ಮುಂದೆ ಜಗತ್ಪ್ರಸಿದ್ಧರಾದ ಆರ್.ಕೆ. ಲಕ್ಷ್ಮಣರ ಆರಂಭದ ವ್ಯಂಗ್ಯಚಿತ್ರಗಳು ಅದರಲ್ಲಿ ಬಂದವು. ಇನ್ನೊಂದು ಸಂಗತಿಯನ್ನು ನಮ್ಮ ಮಕ್ಕಳು ಹೆಮ್ಮೆಯಿಂದ ತಿಳಿಯಬೇಕು. ದೇಶವೆಲ್ಲ ಓದಿದ ‘ಅಮರ ಚಿತ್ರ ಕಥೆ’ ಮೊದಲು ಹುಟ್ಟಿದ್ದು ಕನ್ನಡದಲ್ಲಿ. ಬೆಂಗಳೂರಿನಲ್ಲಿ ಪುಸ್ತಕ ಮಾರಾಟದ ಕೆಲಸದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಸಲಹೆಯಂತೆ 1965ರಲ್ಲಿ ಸಿಂಡ್ರೆಲಾ ಮೊದಲಾದ ಹತ್ತು ಪಾಶ್ಚಾತ್ಯ ಕಥೆಗಳು ಕನ್ನಡದಲ್ಲಿ ಹೊರಬಂದವು. ಅನಂತ ಪೈಯವರ ‘ಕೃಷ್ಣ’ ಆ ಮಾಲೆಯ ಹನ್ನೊಂದನೆಯ ಸಂಖ್ಯೆಯಾದದ್ದು ಈ ಕಾರಣದಿಂದ. ಆದರೆ ಇದೂ ದೊಡ್ಡ ಪ್ರಕಾಶನ ಸಂಸ್ಥೆಯೊಂದರ ಕಾರ್ಯವೇ ಆಗಿತ್ತು. ಒಬ್ಬಂಟಿ ಕಲಾವಿದನಿಗೆ ದಾರಿ ತೆರೆದಿರಲಿಲ್ಲ.

ಹಾಗಾದರೆ ಆ ಒಬ್ಬಂಟಿ ಕಲಾವಿದ ಏನು ಮಾಡುತ್ತಿದ್ದ? ಅವನಿಗೆ ಉಳಿದದ್ದು ಕೈಬರಹದ ಪತ್ರಿಕೆ. 1970ರ ದಶಕದ ಆರಂಭದಲ್ಲಿ ನಾನು ಕಮಲಾಪುರದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಅಲ್ಲಿ ತಿಂಗಳಿಗೊಂದು ಕೈಬರಹದ ಪತ್ರಿಕೆ ಮಾಡಿಸುತ್ತಿದ್ದೆವು. ದುಂಡಗಿನ ಅಕ್ಷರದವರು ಬರೆಯಬೇಕು, ಕೈ ಓಡುವವರು ಅಂಚಿಗೆ ಬಳ್ಳಿ ಹೂ ಬಿಡಿಸಬೇಕು. 1972ರ ಭೀಕರ ಬರ ಈ ಭಾಗದ ಹಿರಿಯರಾರೂ ಮರೆಯುವಂಥದಲ್ಲ. ಆ ಬರದ ಮರುವರ್ಷ ಎಂಟನೆಯ ತರಗತಿಯ ಹುಡುಗನೊಬ್ಬ ಬಳ್ಳಿ ಬಿಡಿಸುವ ಬದಲು ಎಂಟು ಪುಟಗಳ ಒಂದು ಚಿತ್ರಕಥೆಯನ್ನೇ ಬರೆದು ತಂದ. ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುವ ತಂದೆ ಮಗನ ಕಥೆ ಅದು. ಪುಟಕ್ಕೆ ನಾಲ್ಕು ಚೌಕಗಳು. ಜಲ್ಲಿಯ ರಾಶಿ, ಹಾಜರಿ ಪುಸ್ತಕ ಹಿಡಿದ ಮೇಸ್ತ್ರಿ, ಒಣಗಿದ ಬಾವಿಯ ತಳಕ್ಕೆ ಇಳಿದ ಹೆಂಗಸು, ಎಲ್ಲವೂ ಪೆನ್ಸಿಲಿನಲ್ಲಿ. ಒಂದು ಚೌಕದಲ್ಲಿ ಮಗ ಕೇಳುತ್ತಾನೆ: “ಯಪ್ಪಾ, ಇವತ್ತರ ಜ್ವಾಳಾ ಕೊಡ್ತಾರೇನ?” ಮುಂದಿನ ಚೌಕದಲ್ಲಿ ತಂದೆಯ ಬೆನ್ನು ಮಾತ್ರ ಇತ್ತು, ಮಾತಿರಲಿಲ್ಲ.

ಆ ಪತ್ರಿಕೆ ಇಡೀ ಊರು ಸುತ್ತಿತು. ಓದು ಬಾರದವರು ಚಿತ್ರ ನೋಡಿದರು. ಕಾಮಗಾರಿಗೆ ಹೋಗಿದ್ದ ಹಿರಿಯರೊಬ್ಬರು ಆ ಮೇಸ್ತ್ರಿಯ ರುಮಾಲು ನೋಡಿಯೇ ಗುರುತು ಹಿಡಿದು ನಕ್ಕರು. ಮೂರು ತಿಂಗಳಲ್ಲಿ ಹಾಳೆಗಳು ಮಡಿಕೆಗೆ ಹರಿದವು. ಕೊನೆಗೆ ಅದು ಯಾರ ಮನೆಯಲ್ಲಿ ಉಳಿಯಿತೋ ಯಾರಿಗೂ ತಿಳಿಯಲಿಲ್ಲ. ಹಳ್ಳಿಯಲ್ಲಿ ಸೈಕ್ಲೋಸ್ಟೈಲ್ ಯಂತ್ರವಿರಲಿಲ್ಲ. ಝೆರಾಕ್ಸ್ ಎಂಬ ಶಬ್ದವನ್ನೇ ನಾವು ಕೇಳಿರಲಿಲ್ಲ. ಆ ಬರವನ್ನು ಕಂಡ ಮಗುವೊಂದು ಅದನ್ನು ಚಿತ್ರದಲ್ಲಿ ದಾಖಲಿಸಿದ ಕಥೆ ನಾನು ನೋಡಿದ್ದು ಅದೊಂದೇ; ಅದರ ಪ್ರತಿಯೂ ಒಂದೇ.

ಅದೇ ಕಾಲದಲ್ಲಿ ಹೊರಗಿನ ಪ್ರಪಂಚದಲ್ಲಿ ಏನು ನಡೆದಿತ್ತೆಂಬುದನ್ನು ನಿವೃತ್ತಿಯ ನಂತರದ ಓದಿನಲ್ಲಿ ತಿಳಿದುಕೊಂಡೆ. ಆಫ್‌ಸೆಟ್ ಮುದ್ರಣ ಬಂದು ಬ್ಲಾಕಿನ ಹಂಗು ಹರಿಯತೊಡಗಿತ್ತು. ಅಕ್ಷರವಿರಲಿ, ಚಿತ್ರವಿರಲಿ, ಎರಡಕ್ಕೂ ಒಂದೇ ಖರ್ಚು. 1968ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ರಾಬರ್ಟ್ ಕ್ರಂಬ್ ಎಂಬ ಚಿತ್ರಕಾರ ತನ್ನ ‘ಝ್ಯಾಪ್’ ಎಂಬ ಚಿತ್ರಕಥಾ ಪುಸ್ತಕವನ್ನು ಮಗುವಿನ ತಳ್ಳುಗಾಡಿಯಲ್ಲಿ ಪೇರಿಸಿಕೊಂಡು, ಹೆಂಡತಿಯೊಡನೆ ಬೀದಿಯಲ್ಲಿ ಮಾರಿದ. ಓದಿದಾಗ ನನಗೆ ಗಳಗನಾಥರ ಗಂಟೇ ಕಣ್ಣಮುಂದೆ ಬಂತು. 1970ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಚಿತ್ರಕಥಾಪ್ರಿಯರ ಸಮಾವೇಶ ಮೊದಲಾಯಿತು. 1975ರ ಡಿಸೆಂಬರ್ 21ರಂದು ಜಪಾನಿನ ಟೋಕಿಯೋದಲ್ಲಿ ‘ಕೊಮಿಕೆಟ್’ ಎಂಬ ಸಂತೆ ಆರಂಭವಾಯಿತು. ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದ 32 ಬಳಗಗಳು ಮೇಜು ಹಾಕಿದ್ದವು, ಬಂದವರು ಸುಮಾರು 700 ಜನ. ಇಂದು ಅದಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅಲ್ಲಿ ಗ್ರಾಹಕರೆಂಬವರೇ ಇಲ್ಲ. ಮಾರುವವರು, ಕೊಳ್ಳುವವರು, ಕಸ ಗುಡಿಸುವ ಸ್ವಯಂಸೇವಕರು ಎಲ್ಲರೂ ‘ಭಾಗವಹಿಸುವವರು’ ಎಂಬುದೇ ಅದರ ನಿಯಮ. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಕೈ ಹಚ್ಚಿದವರೆಲ್ಲ ಭಕ್ತರೇ ಎಂದು ತಿಳಿದ ನಮಗೆ ಈ ಮಾತು ಅಪರಿಚಿತವೇನಲ್ಲ.

ಭಾರತಕ್ಕೆ ಈ ಬಗೆಯ ಮೇಳ ಬಂದದ್ದು ತಡವಾಗಿ. 2011ರ ಫೆಬ್ರುವರಿಯಲ್ಲಿ ದಿಲ್ಲಿ ಹಾಟ್‌ನಲ್ಲಿ ಮೊದಲ ‘ಕಾಮಿಕ್ ಕಾನ್’ ನಡೆಯಿತು. 2012ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೋರಮಂಗಲದ ಒಳಾಂಗಣ ಕ್ರೀಡಾಂಗಣಕ್ಕೆ ಬಂತು. ಚಲನಚಿತ್ರಕಾರ ಭರತ್ ಮೂರ್ತಿಯವರು ಜಪಾನಿನ ಆ ಸ್ವಪ್ರಕಾಶಿತ ಚಿತ್ರಕಥೆಗಳ ಕುರಿತು ಸಾಕ್ಷ್ಯಚಿತ್ರ ಮಾಡಿ, ಇಲ್ಲಿ ‘ಕಾಮಿಕ್ಸ್ ಇಂಡಿಯಾ’ ಎಂಬ ಸಂಕಲನವನ್ನು ಹೊರತಂದರು. ಬೆಂಗಳೂರಿನ ವಕೀಲ್ ಸಹೋದರರು ‘40 ಸೂಫಿ ಕಾಮಿಕ್ಸ್’ ಎಂಬ ಪುಸ್ತಕವನ್ನು ತಾವೇ ಪ್ರಕಟಿಸಿದರು. ಖ್ವಾಜಾ ಬಂದೇನವಾಜರ ದರ್ಗಾದ ನೆರಳಿನಲ್ಲಿ ಬೆಳೆದ ನಮ್ಮ ಊರಿನ ಮಕ್ಕಳಿಗೆ ಸೂಫಿ ಸಂತರ ಕಥೆ ಚಿತ್ರದಲ್ಲಿ ಬಂದಿದೆಯೆಂದು ಹೇಳಲು ನನಗೆ ವಿಶೇಷ ಸಂತೋಷ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗ ವೈಟ್‌ಫೀಲ್ಡಿನಲ್ಲಿ ನಡೆದ ಈ ಮೇಳಕ್ಕೆ ನನ್ನನ್ನು ಕರೆದೊಯ್ದ. ಬಗೆಬಗೆಯ ವೇಷ ಹಾಕಿದ ತರುಣ ತರುಣಿಯರನ್ನು ಕಂಡು ಮೊದಲು ನನಗೆ ನಮ್ಮ ಹಗಲುವೇಷದವರ ನೆನಪಾಯಿತು. ದೊಡ್ಡ ಕಂಪನಿಗಳ ಮಳಿಗೆಗಳ ಗದ್ದಲ ದಾಟಿ ಒಳಗೆ ಹೋದರೆ, ಒಂದು ಬದಿಗೆ ಚಿಕ್ಕ ಚಿಕ್ಕ ಮೇಜುಗಳ ಸಾಲು. ಒಂದೊಂದು ಮೇಜಿಗೆ ಒಬ್ಬೊಬ್ಬ ಕಲಾವಿದ. ತಾನೇ ಬರೆದು, ತಾನೇ ಬಿಡಿಸಿ, ತಾನೇ ಅಚ್ಚು ಹಾಕಿಸಿದ ತೆಳ್ಳನೆಯ ಪುಸ್ತಕಗಳು. ಕೊಂಡರೆ ಮೊದಲ ಪುಟದಲ್ಲಿ ಹೆಸರು ಬರೆದು ಪುಟ್ಟ ಚಿತ್ರವೊಂದನ್ನು ಬಿಡಿಸಿಕೊಡುತ್ತಿದ್ದರು. ತನ್ನ ಅಜ್ಜಿಯ ಅಡುಗೆಮನೆಯ ಬಗ್ಗೆ ಇಪ್ಪತ್ತು ಪುಟಗಳ ಕಥೆ ಬರೆದ ಹುಡುಗಿಯನ್ನು ಎಷ್ಟು ಪ್ರತಿ ಹಾಕಿಸಿದ್ದೀ ತಾಯಿ ಎಂದು ಕೇಳಿದೆ. “ನೂರು ಅಜ್ಜಾ. ಮುಗಿದರೆ ಮತ್ತೆ ಐವತ್ತು ಹಾಕಿಸ್ತೀನಿ” ಎಂದಳು. ಡಿಜಿಟಲ್ ಮುದ್ರಣದಲ್ಲಿ ಬೇಕಾದಷ್ಟೇ ಪ್ರತಿ ತೆಗೆಯಬಹುದೆಂದು ತಿಳಿಹೇಳಿದಳು. ಸೊಲ್ಲಾಪುರದ ಬ್ಲಾಕಿಗಾಗಿ ವಾರಗಟ್ಟಲೆ ಕಾದವನಿಗೆ ಆ ಮಾತು ಎಷ್ಟು ದೊಡ್ಡದೆಂದು ಅವಳಿಗೆ ತಿಳಿದಿರಲಿಕ್ಕಿಲ್ಲ. ನಮ್ಮ ಎಂಟನೆಯ ತರಗತಿಯ ಹುಡುಗನಿಗೆ ಅಡ್ಡವಾಗಿದ್ದ ಗೋಡೆ ಬಿದ್ದುಹೋಗಿತ್ತು.

ಆ ಮೇಜುಗಳ ಸಾಲನ್ನು ಎರಡು ಸಲ ಸುತ್ತಿದೆ. ಪುಸ್ತಕಗಳೆಲ್ಲ ಇಂಗ್ಲಿಷಿನವು, ಕನ್ನಡ ಅಕ್ಷರವಿರುವ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ. ಅಡುಗೆಮನೆಯ ಅಜ್ಜಿಯೂ ಇಂಗ್ಲಿಷಿನಲ್ಲಿಯೇ ಗದರುತ್ತಿದ್ದರು. ಆ ಮಕ್ಕಳ ಶ್ರಮವನ್ನು ಹಳಿಯುವ ಉದ್ದೇಶ ನನಗಿಲ್ಲ. ಅವರು ತಮ್ಮ ಓದುಗರನ್ನು ಹುಡುಕಿಕೊಂಡಿದ್ದಾರೆ. ಆದರೆ ಯಾವ ಭಾಷೆಯಲ್ಲಿ ‘ಅಮರ ಚಿತ್ರ ಕಥೆ’ ಮೊದಲು ಮಾತನಾಡಿತೋ ಆ ಭಾಷೆಗೆ, ಅದು ಹುಟ್ಟಿದ ಊರಿನಲ್ಲಿಯೇ, ಒಂದು ಮೇಜೂ ಕಾಣಲಿಲ್ಲವೆಂಬ ನೋವು ಉಳಿಯಿತು.

ಅಚ್ಚಿನ ತೊಂದರೆ ಈಗಿಲ್ಲ. ಕಲಾವಿದರಿಗೂ ಕೊರತೆಯಿಲ್ಲ, ನಮ್ಮ ಕಲಬುರಗಿಯ ಚಿತ್ರಕಲಾ ಕಾಲೇಜುಗಳು ದಶಕಗಳಿಂದ ಕೈ ಪಳಗಿದವರನ್ನು ತಯಾರು ಮಾಡುತ್ತ ಬಂದಿವೆ. ಕೊರತೆಯಿರುವುದು ಮೇಜಿಗೆ ಮತ್ತು ಅದರ ಮುಂದೆ ನಿಲ್ಲುವ ಓದುಗರಿಗೆ. ಅದಕ್ಕೂ ನಮ್ಮಲ್ಲಿ ಮೇಲ್ಪಂಕ್ತಿಯಿದೆ. ಕುಂದಾಪುರದಂಥ ಊರಿನಲ್ಲಿ ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯರು ‘ಕಾರ್ಟೂನು ಹಬ್ಬ’ ನಡೆಸಿ ತೋರಿಸಿದ್ದಾರೆ. ಕಲಬುರಗಿಯೂ 1928, 1949, 1987 ಮತ್ತು 2020ರಲ್ಲಿ, ಹೀಗೆ ನಾಲ್ಕು ಸಲ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಂಗಳ ಒದಗಿಸಿದ ಊರು. 2020ರ ಸಮ್ಮೇಳನದ ಪುಸ್ತಕ ಮಳಿಗೆಗಳಲ್ಲಿ ತಮ್ಮ ಕವನಸಂಕಲನಗಳನ್ನು ತಾವೇ ಹಿಡಿದು ನಿಂತ ಕವಿಗಳನ್ನು ಕಂಡೆ. ಅವರ ಪಕ್ಕದಲ್ಲಿ ಚಿತ್ರಕಥೆ ಬರೆದವನೊಬ್ಬನಿಗೆ ಮೂರಡಿ ಜಾಗ ದೊರೆತರೆ ಸಾಕು.

ಇದನ್ನು ಓದುವ ನಿಮ್ಮಲ್ಲಿ ಈಗ ಅಚ್ಚುಕೂಟ ನಡೆಸುವವರಿದ್ದೀರಿ, ಚಿತ್ರಕಲಾ ಶಿಕ್ಷಕರಿದ್ದೀರಿ, ತಂದೆ ತಾಯಿಯರಂತೂ ಎಲ್ಲರೂ ಇದ್ದೀರಿ. ನಿಮ್ಮ ಮನೆಯ ಮಗುವೊಂದು ಕಥೆಯನ್ನು ಚೌಕಗಳಲ್ಲಿ ಬಿಡಿಸಿ ತಂದರೆ, ಅದರ ಮಾತು ನಮ್ಮ ಸೀಮೆಯ ಆಡುಮಾತಿನಲ್ಲಿದ್ದರೆ, ತಿದ್ದಲು ಕೂಡುವ ಮೊದಲು ಹತ್ತು ಪ್ರತಿ ತೆಗೆಸಿರಿ. ಒಂದನ್ನು ಮಗುವಿನ ಕೈಗೆ ಕೊಡಿ, ಎಂಟನ್ನು ಓಣಿಯಲ್ಲಿ ಹಂಚಿರಿ. ಹತ್ತನೆಯದನ್ನು ಶಹಾಬಜಾರದ ನನ್ನ ಮನೆಗೆ ಕಳಿಸಿರಿ. ಕಪಾಟಿನಲ್ಲಿ ಜಾಗ ಮಾಡಿಟ್ಟಿದ್ದೇನೆ.