ಭಟ್ಕಳದ ಅಳಿವೆ

ಭಟ್ಕಳ ಎಂದಾಕ್ಷಣ ಇಂದಿನ ಓದುಗರ ಮನಸ್ಸಿನಲ್ಲಿ ಯಾವ ಚಿತ್ರ ಮೂಡುತ್ತದೆ? ಪತ್ರಿಕೆ ಮತ್ತು ಟಿ.ವಿ.ಯಿಂದ ಮಾತ್ರ ಈ ಊರನ್ನು ಬಲ್ಲವರಿಗೆ ಅದು ಗಲಭೆಯ ಊರು. 1993ರಲ್ಲಿ ತಿಂಗಳುಗಟ್ಟಲೆ ನಡೆದ ಹಿಂಸೆಯಿಂದ ಅದಕ್ಕೆ ಆ ಹೆಸರು ಬಂತು. ಮುಂದಿನ ದಶಕದಲ್ಲಿ ಭಯೋತ್ಪಾದನೆಯ ಪ್ರಕರಣಗಳಲ್ಲಿ ಕೇಳಿಬಂದ ಕೆಲವು ವ್ಯಕ್ತಿಗಳ ಹೆಸರಿನ ಮುಂದೆ ಊರಿನ ಹೆಸರೇ ಅಡ್ಡಹೆಸರಾಗಿ ಕುಳಿತ ಮೇಲೆ, ಆ ಊರಿನಲ್ಲಿ ಹುಟ್ಟಿದವರೆಲ್ಲ ತಮ್ಮ ವಿಳಾಸ ಹೇಳುವ ಮುನ್ನ ಒಂದು ಕ್ಷಣ ಯೋಚಿಸುವಂತಾಯಿತು. ಕೆಲವರ ಮೇಲಿನ ಆರೋಪಕ್ಕೆ ಇಡೀ ಊರು ಉತ್ತರ ಕೊಡಬೇಕಾಗಿ ಬಂದದ್ದು ನಮ್ಮ ಕಾಲದ ಅನ್ಯಾಯಗಳಲ್ಲೊಂದು.

ಆದರೆ ಮಲ್ಲಿಗೆ ಮಾರುವವರನ್ನು ಕೇಳಿದರೆ ಭಟ್ಕಳ ಎಂದರೆ ಬೇರೆಯೇ ಅರ್ಥ. ಕಡಲಿನ ಚರಿತ್ರೆ ಓದಿದವರಿಗೆ ಇನ್ನೂ ಬೇರೆ ಅರ್ಥ. ಐದುನೂರು ವರ್ಷಗಳ ಹಿಂದೆ ಹೊರ್ಮುಜ್‌ನಲ್ಲಿ, ಅದೆನ್‌ನಲ್ಲಿ, ಲಿಸ್ಬನ್‌ನಲ್ಲಿ ಈ ಊರಿನ ಹೆಸರು ವ್ಯಾಪಾರಿಗಳ ಬಾಯಲ್ಲಿತ್ತು. ಪೋರ್ಚುಗೀಸರು ಅದನ್ನು ‘ಬಟಿಕಲಾ’ ಎಂದು ಬರೆದರು. ಆ ಹೆಸರು ಹೇಗೆ ಬೆಳೆಯಿತು, ಹೇಗೆ ಬಾಡಿತು ಎಂಬುದನ್ನು ತಿಳಿಯಬೇಕಾದರೆ ಊರಿನ ಪೇಟೆಯನ್ನು ಬಿಟ್ಟು ಅಳಿವೆಯ ಕಡೆಗೆ ನಡೆಯಬೇಕು.

ನದಿಯು ಸಮುದ್ರ ಸೇರುವ ಬಾಯಿಗೆ ಕರಾವಳಿಯ ಕನ್ನಡದಲ್ಲಿ ಅಳಿವೆ ಎನ್ನುತ್ತಾರೆ. ಭಟ್ಕಳದ ಪಟ್ಟಣದಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಶರಾಬಿ ಹೊಳೆ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಬಂದರಿನ ಪಕ್ಕದ ಗುಡ್ಡದ ಮೇಲೆ ದೀಪಸ್ತಂಭವಿದೆ. ಕೆಳಗೆ ಕಪ್ಪು ಬಂಡೆಗಳು, ಅವುಗಳ ಆಚೆ ಮರಳು, ಹೊಳೆಯ ಒಳಗೆ ಸಾಲಾಗಿ ನಿಂತ ಮೀನುಗಾರಿಕೆಯ ದೋಣಿಗಳು. ಮೋಡವಿಲ್ಲದ ದಿನ ದೂರದಲ್ಲಿ ನೇತ್ರಾಣಿ ದ್ವೀಪ ಒಂದು ನೀಲಿ ಗೀರಿನಂತೆ ಕಾಣುತ್ತದೆ. ಮುರುಡೇಶ್ವರದ ಹಾಗೆ ಇಲ್ಲಿ ಪ್ರವಾಸಿಗರ ಗದ್ದಲವಿಲ್ಲ. ಬಲೆ ಸರಿಪಡಿಸುವ ಮೊಗೇರರು, ಸಂಜೆ ಗಾಳಿಗೆ ಬರುವ ಕೆಲವು ಕುಟುಂಬಗಳು, ಇಷ್ಟೇ. ನಾವು ಹೋದಾಗ ಇಳಿತದ ಸಮಯ. ನೀರು ಹಿಂದೆ ಸರಿದು ಅಳಿವೆಯ ಬಾಯಲ್ಲಿ ಮರಳಿನ ದಿಬ್ಬ ಬೆನ್ನು ತೋರಿಸುತ್ತಿತ್ತು. ಈ ಊರಿನ ಚರಿತ್ರೆಯಲ್ಲಿ ರಾಜರಷ್ಟೇ ದೊಡ್ಡ ಪಾತ್ರ ಆ ದಿಬ್ಬದ್ದೂ ಇದೆ. ಹೊಳೆಯ ಬಾಯಿ ತೆರೆದಿದ್ದಾಗ ಪ್ರಪಂಚ ಒಳಗೆ ಬಂತು. ಹಡಗುಗಳು ದೊಡ್ಡದಾಗಿ ಹೊಳೆ ಆಳ ಕಳೆದುಕೊಂಡಾಗ ಪ್ರಪಂಚ ಹೊರಗೇ ಉಳಿಯಿತು.

ಶರಾಬಿ ಎಂಬ ಹೆಸರನ್ನು ಕೇಳಿ ಉರ್ದು ಬಲ್ಲವರು ನಗುವುದುಂಟು. ಉರ್ದುವಿನಲ್ಲಿ ಅದು ಕುಡುಕ. ಆದರೆ ಅರಬಿಯಲ್ಲಿ ‘ಶರಾಬ್’ ಎಂದರೆ ಕುಡಿಯುವ ಯಾವುದೇ ಪಾನೀಯ. ನಮ್ಮ ಶರಬತ್ತು ಅದೇ ಧಾತುವಿನ ಪದ. ಹೊಳೆಗೆ ಈ ಹೆಸರು ಬಂದದ್ದು ಹೇಗೋ ಇರಲಿ, ಈ ನೀರಿನ ದಡದಲ್ಲಿ ಅರಬಿ ಮಾತು ಕೇಳಿ ಶತಮಾನಗಳೇ ಕಳೆದಿವೆ ಎಂಬುದರಲ್ಲಿ ಅನುಮಾನವಿಲ್ಲ.

ಇಬ್ನ್ ಬತೂತಾ ಉಂಡ ಊಟ

ಈ ತೀರದ ಮುಸ್ಲಿಮರ ಬಗ್ಗೆ ನಮಗೆ ಸಿಗುವ ಬಹು ಹಳೆಯ, ಜೀವಂತ ಚಿತ್ರ ಭಟ್ಕಳದ್ದಲ್ಲ. ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ದೂರದ ಹೊನ್ನಾವರದ್ದು. 1342ರ ಸುಮಾರಿಗೆ ಅಲ್ಲಿಗೆ ಬಂದ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತಾ ಆ ಊರನ್ನು ‘ಹಿನಾವರ್’ ಎಂದು ಕರೆದ. ಅಲ್ಲಿನ ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್. ಆದರೆ ಈ ಸುಲ್ತಾನ ಸ್ವತಂತ್ರನಲ್ಲ. ಇಬ್ನ್ ಬತೂತಾ ‘ಹರಿಯಬ್’ ಎಂದು ಕರೆದ ಅರಸನಿಗೆ ಅವನು ಅಧೀನ. ಆ ಹರಿಯಬ್ ಬೇರಾರೂ ಅಲ್ಲ, ವಿಜಯನಗರದ ಹರಿಹರ.

ಇಬ್ನ್ ಬತೂತಾ ಬರೆದದ್ದರಲ್ಲಿ ಎರಡು ಸಂಗತಿಗಳು ನಮ್ಮನ್ನು ತಡೆದು ನಿಲ್ಲಿಸುತ್ತವೆ. ಒಂದು, ಆ ಪುಟ್ಟ ಬಂದರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳಿದ್ದರೆ ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವು. ಊರಿನ ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರು. ಬೇರೆಲ್ಲೂ ಇಂಥದ್ದನ್ನು ಕಾಣಲಿಲ್ಲವೆಂದು ಅರ್ಧ ಜಗತ್ತು ಸುತ್ತಿದ ಆತನೇ ಹೇಳುತ್ತಾನೆ. ಅದೇ ಹೆಂಗಸರು ಹೊಲಿದ ಬಟ್ಟೆ ತೊಡುತ್ತಿರಲಿಲ್ಲ, ಉದ್ದನೆಯ ಬಟ್ಟೆಯೊಂದನ್ನು ಸುತ್ತಿಕೊಂಡು ಸೆರಗನ್ನು ತಲೆಯ ಮೇಲೆ ಹೊದ್ದುಕೊಳ್ಳುತ್ತಿದ್ದರು, ಮೂಗಿಗೆ ಚಿನ್ನದ ನತ್ತು ಇಡುತ್ತಿದ್ದರು ಎಂದೂ ಬರೆಯುತ್ತಾನೆ. ಹೆಣ್ಣುಮಕ್ಕಳ ಶಿಕ್ಷಣ ಹೊಸ ಕಾಲದ ಗಾಳಿ ಎನ್ನುವವರೂ, ಸೀರೆ ನಮ್ಮದಲ್ಲ ಎನ್ನುವವರೂ ಈ ಪುಟಗಳನ್ನು ಒಮ್ಮೆ ಓದಬೇಕು.

ಎರಡನೆಯದು ಊಟ. ಅನ್ನದ ಮೇಲೆ ತುಪ್ಪ, ಪಕ್ಕಕ್ಕೆ ಉಪ್ಪಿನಲ್ಲಿ ಹಾಕಿದ ಎಳೆ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು. ಮತ್ತೆ ಅನ್ನ, ಕೋಳಿ, ಮತ್ತೆ ಅನ್ನ, ಮೀನು, ಕೊನೆಗೆ ಮೊಸರು. ಈ ಸುಲ್ತಾನನ ಬಳಿ ಇನ್ನೊಮ್ಮೆ ಹನ್ನೊಂದು ತಿಂಗಳು ಇದ್ದಾಗ ರೊಟ್ಟಿಯ ಮುಖವನ್ನೇ ನೋಡಲಿಲ್ಲವೆಂದು ಆತ ಹೇಳಿಕೊಳ್ಳುತ್ತಾನೆ. ಸುಲ್ತಾನನ ನಮಾಝು ಅರಬಿಯಲ್ಲಿತ್ತು, ಅವನ ತಟ್ಟೆಯ ಊಟ ಕರಾವಳಿಯದ್ದಾಗಿತ್ತು.

ಈ ಜನರನ್ನೇ ಮುಂದೆ ನವಾಯತರು ಎಂದು ಕರೆದರು. ನಾವಿಕ ಎಂಬ ಅರ್ಥದ ಅರಬಿ ಪದದಿಂದ ಈ ಹೆಸರು ಬಂತೆಂದು ಕೆಲವರು, ಹೊಸದಾಗಿ ಬಂದವರು ಎಂಬ ಅರ್ಥದಿಂದ ಬಂತೆಂದು ಕೆಲವರು ಹೇಳುತ್ತಾರೆ. ಅರಬ್ ಮತ್ತು ಪರ್ಶಿಯನ್ ವ್ಯಾಪಾರಿಗಳು ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ನೆಲೆಸಿದಾಗ ಮನೆಯ ಮಾತು ತಾಯಂದಿರದ್ದೇ ಉಳಿಯಿತು. ನವಾಯತಿ ಭಾಷೆಯ ಬೇರು ಕೊಂಕಣಿ. ಅದರೊಳಗೆ ಅರಬಿ, ಪರ್ಶಿಯನ್ ಪದಗಳು. ಬರೆಯುವುದು ಅರಬಿ–ಪರ್ಶಿಯನ್ ಲಿಪಿಯಲ್ಲಿ. ಇವರು ಇಬ್ನ್ ಬತೂತಾ ಕಂಡ ಹೊನ್ನಾವರದವರಂತೆ ಶಾಫಿ ಪಂಥದವರು.

ಕುದುರೆಯ ಬಾಲಕ್ಕೂ ಬೆಲೆ

ಭಟ್ಕಳವನ್ನು ದೊಡ್ಡ ಬಂದರು ಮಾಡಿದ್ದು ಕುದುರೆ. ದಕ್ಷಿಣದ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟಿ ಬೆಳೆಯುವುದು ಕಷ್ಟ. ವಿಜಯನಗರಕ್ಕೂ ಬಹಮನಿಗಳಿಗೂ ನಡುವೆ ಯುದ್ಧ ನಿಲ್ಲುವಂತಿರಲಿಲ್ಲ. ಹಾಗಾಗಿ ಅರೇಬಿಯಾ ಮತ್ತು ಪರ್ಶಿಯಾದ ಕುದುರೆಗಳನ್ನು ತುಂಬಿದ ಹಡಗುಗಳಿಗೆ ಇಬ್ಬರೂ ಕಾಯುತ್ತಿದ್ದರು. ವಿಜಯನಗರವನ್ನು ಕುರಿತು ಬರೆದ ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ, ಅಲ್ಲಿನ ಅರಸ ವರ್ಷಕ್ಕೆ ಹೊರ್ಮುಜ್‌ನಿಂದ ಬಂದ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಲೆಕ್ಕ ಕೊಡುತ್ತಾನೆ. ಸಾಳುವ ನರಸಿಂಹನಂತೂ ದಾರಿಯಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ; ಬಾಲವನ್ನು ತಂದು ತೋರಿಸಿದರೆ ಸಾಕು. ಸಮುದ್ರದ ನಷ್ಟ ರಾಜನ ಮೇಲೆ ಬಿದ್ದರೆ ವ್ಯಾಪಾರಿ ಧೈರ್ಯವಾಗಿ ಹಡಗು ಹತ್ತುತ್ತಾನೆ ಎಂಬ ಲೆಕ್ಕಾಚಾರ ಅದರಲ್ಲಿತ್ತು.

ಕುದುರೆ ಇಳಿದ ಬಂದರಿನಿಂದ ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸು ಹೊರಟವು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೇಸ್, ಭಟ್ಕಳಕ್ಕೆ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಬರುತ್ತಿದ್ದವೆಂದೂ, ಇಪ್ಪತ್ತು ಮೂವತ್ತು ಎತ್ತುಗಳಿಗೆ ಒಬ್ಬನೇ ಆಳು ಇರುತ್ತಿದ್ದನೆಂದೂ ಬರೆಯುತ್ತಾನೆ. ಘಟ್ಟದ ಕಾಡಿನಲ್ಲಿ ಮೂವತ್ತು ಎತ್ತುಗಳ ಸರಕನ್ನು ಒಬ್ಬನ ಕೈಗೆ ಒಪ್ಪಿಸುವಷ್ಟು ದಾರಿ ಸುರಕ್ಷಿತವಾಗಿತ್ತು ಎಂದು ಇದರಿಂದ ತಿಳಿಯಬಹುದು.

ಆದರೆ ಈ ಕಥೆಯನ್ನು ಬರೀ ಸೌಹಾರ್ದದ ಬಣ್ಣ ಬಳಿದು ಹೇಳಿದರೆ ಅದು ಪ್ರಾಮಾಣಿಕವಲ್ಲ. 15ನೆಯ ಶತಮಾನದ ಉತ್ತರಾರ್ಧದಲ್ಲಿ ಭಟ್ಕಳದ ಮುಸ್ಲಿಮ್ ವ್ಯಾಪಾರಿಗಳು ಬಹಮನಿಗಳಿಗೆ ಕುದುರೆ ಮಾರಿದರೆಂಬ ಕಾರಣಕ್ಕೆ ವಿಜಯನಗರದ ಅರಸನ ಅಪ್ಪಣೆಯಂತೆ ದೊಡ್ಡ ಹತ್ಯಾಕಾಂಡ ನಡೆಯಿತು. ಬಾರೋಸ್ ಎಂಬ ಪೋರ್ಚುಗೀಸ್ ಇತಿಹಾಸಕಾರ ಸತ್ತವರು ಹತ್ತು ಸಾವಿರ ಎನ್ನುತ್ತಾನೆ. ಆ ಕಾಲದ ಸಂಖ್ಯೆಗಳನ್ನು ಎಚ್ಚರದಿಂದಲೇ ಓದಬೇಕು. ಉಳಿದವರು ಗೋವೆಗೆ ಓಡಿ ಅಲ್ಲಿ ನೆಲೆ ಕಂಡುಕೊಂಡರು. ಇದನ್ನು ಧರ್ಮಯುದ್ಧವೆಂದು ಓದುವವರಿಗೆ ಒಂದು ಪ್ರಶ್ನೆ: ಅದೇ ವಿಜಯನಗರ ಆಮೇಲೂ ಮುಸ್ಲಿಮ್ ವ್ಯಾಪಾರಿಗಳಿಂದಲೇ ಕುದುರೆ ಕೊಂಡದ್ದು ಏಕೆ? ಜಗಳ ದೇವರ ಬಗ್ಗೆ ಇರಲಿಲ್ಲ, ಕುದುರೆಯ ಬಗ್ಗೆ ಇತ್ತು. ಸತ್ತವರಿಗೆ ಆ ವ್ಯತ್ಯಾಸದಿಂದ ಯಾವ ಸಮಾಧಾನವೂ ಇಲ್ಲ; ಬದುಕಿರುವ ನಮಗೆ ಅದು ಗೊತ್ತಿರಬೇಕು.

ಅಳಿವೆಗೆ ಬಂದ ಬೆಂಕಿ

1502ರಲ್ಲಿ ವಾಸ್ಕೊ ಡ ಗಾಮಾ ಎರಡನೆಯ ಸಲ ಬಂದಾಗ ಅವನ ಹಡಗುಗಳು ಭಟ್ಕಳದ ಮುಂದೆ ನಿಂತವು. ಮೆಣಸಿನ ವ್ಯಾಪಾರ ಮಾಡಕೂಡದು, ತುರ್ಕರನ್ನು ಸೇರಿಸಕೂಡದು, ಕಲ್ಲಿಕೋಟೆಗೆ ಹೋಗಕೂಡದು ಎಂಬ ಷರತ್ತುಗಳ ಜೊತೆ ವರ್ಷಕ್ಕೆ 1,500 ಹೇರು ಅಕ್ಕಿಯ ಕಪ್ಪವನ್ನು ಹೇರಲಾಯಿತೆಂದು ಕೊರೇಯಾ ಬರೆಯುತ್ತಾನೆ. ಅದರಲ್ಲಿ ಸಾವಿರ ಹೇರು ನಾವಿಕರಿಗೆ ಸಾಧಾರಣ ಅಕ್ಕಿ, ಐದುನೂರು ಹೇರು ಕಪ್ತಾನರಿಗೆ ಒಳ್ಳೆಯ ಅಕ್ಕಿ! ಅಲ್ಲಿಯವರೆಗೆ ಈ ಸಮುದ್ರಕ್ಕೆ ಒಬ್ಬನೇ ಯಜಮಾನನಿರಲಿಲ್ಲ. ಯಾರು ಎಲ್ಲಿಗೆ ಹಡಗು ಬಿಡಬೇಕೆಂದು ಅಪ್ಪಣೆ ಕೊಡುವ ಕ್ರಮ ಇಲ್ಲಿಗೆ ಹೊಸದು. 1510ರಲ್ಲಿ ಗೋವೆಯನ್ನು ಗೆದ್ದ ಅಲ್ಬುಕರ್ಕ್ ಕುದುರೆಯ ಹಡಗುಗಳನ್ನು ಅಲ್ಲಿಗೇ ತಿರುಗಿಸಿದ. ಭಟ್ಕಳದ ಬುಡಕ್ಕೆ ಮೊದಲ ಕೊಡಲಿ ಬಿದ್ದದ್ದು ಅಲ್ಲಿ.

1542ರಲ್ಲಿ ಕಪ್ಪ ನಿಲ್ಲಿಸಿದ ಭಟ್ಕಳದ ರಾಣಿಯ ಮೇಲೆ ಗವರ್ನರ್ ಮಾರ್ಟಿಮ್ ಅಫೊನ್ಸೊ ಡ ಸೋಸಾ ದಂಡೆತ್ತಿ ಬಂದ. ಊರಿಗೆ ನುಗ್ಗಿದ ಸೈನಿಕರು ಲೂಟಿಯ ಪಾಲಿಗಾಗಿ ತಮ್ಮತಮ್ಮಲ್ಲೇ ಹೊಡೆದಾಡಿದರು. ಆಮೇಲೆ ಊರನ್ನು ಸುಟ್ಟರು, ತೆಂಗಿನ ತೋಟಗಳನ್ನು ಕಡಿದರು. ಆಗ ಇಲ್ಲಿ ಆಳುತ್ತಿದ್ದುದು ಹಾಡುವಳ್ಳಿಯ ಜೈನ ಮನೆತನ. ಸುಟ್ಟದ್ದು ಜೈನ ರಾಣಿಯ ಊರು, ಕೊಂಕಣಿ ವ್ಯಾಪಾರಿಗಳ ಪೇಟೆ, ನವಾಯತರ ಮನೆ. ಬೆಂಕಿ ಜಾತಿ ಕೇಳಲಿಲ್ಲ.

ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿ ಐದು ದಶಕಗಳಿಗೂ ಮಿಕ್ಕಿ ಈ ಪ್ರದೇಶವನ್ನಾಳಿ ಪೋರ್ಚುಗೀಸರಿಂದಲೇ ‘ಮೆಣಸಿನ ರಾಣಿ’ ಎನಿಸಿಕೊಂಡಳು. 1606ರ ಸುಮಾರಿಗೆ ಆಕೆಯ ರಾಜ್ಯ ಕೆಳದಿಯ ವಶವಾಯಿತು. ಆ ಕಾಲದ ಗುರುತುಗಳು ಪಟ್ಟಣದಲ್ಲಿ ಇನ್ನೂ ಇವೆ. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ. ಕೊಂಕಣಿ ವ್ಯಾಪಾರಿಯೊಬ್ಬ ಕಟ್ಟಿಸಿದ ಕೇತಪೈ ನಾರಾಯಣ ದೇವಸ್ಥಾನ ಇದೆ. ಕರಾವಳಿಯ ಮಳೆಗೆ ಹೊಂದುವಂತೆ ಇಳಿಜಾರಾಗಿ ಹೊದಿಸಿದ ಕಲ್ಲಿನ ಚಪ್ಪಡಿಗಳ ಮಾಡು ಇವುಗಳ ವಿಶೇಷ. 1637ರಲ್ಲಿ ಬಂದ ಇಂಗ್ಲಿಷ್ ವ್ಯಾಪಾರಿಗಳೂ ಇಲ್ಲಿ ಕೋಠಿ ಹೂಡಿ, ತಮ್ಮ ಕೆಲವರನ್ನು ಈ ಮಣ್ಣಿನಲ್ಲಿ ಮಲಗಿಸಿ ಹೋದರು.

ಮನೆ ಇಲ್ಲಿ, ದುಡಿಮೆ ಅಲ್ಲಿ

ಟಿಪ್ಪುವಿನ ಪತನದ ನಂತರ, 1801ರಲ್ಲಿ ಬ್ರಿಟಿಷರ ಪರವಾಗಿ ಈ ನಾಡನ್ನು ಸುತ್ತಿದ ಡಾ. ಬುಕಾನನ್ ಭಟ್ಕಳದಲ್ಲಿ 500 ಮನೆಗಳನ್ನೂ, ಎರಡು ಮಸೀದಿಗಳನ್ನೂ, 76 ಗುಡಿಗಳನ್ನೂ ಲೆಕ್ಕ ಹಾಕಿದ. ಇಲ್ಲಿಯ ಮುಸ್ಲಿಮರಲ್ಲಿ ಅನೇಕರು ಶ್ರೀಮಂತರು, ವ್ಯಾಪಾರಕ್ಕಾಗಿ ತೀರದುದ್ದಕ್ಕೂ ಹೋಗುತ್ತಾರೆ, ಆದರೆ ಕುಟುಂಬವನ್ನು ಇಲ್ಲೇ ಬಿಟ್ಟಿರುತ್ತಾರೆ, ಇದೇ ಅವರ ಮನೆ ಎಂದು ಆತ ದಾಖಲಿಸುತ್ತಾನೆ. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಮಾತನ್ನು ಇಂದು ದುಬೈಯಲ್ಲಿ ದುಡಿಯುವ ಯಾವ ಭಟ್ಕಳಿಗ ಕೇಳಿದರೂ ಅದು ತನ್ನದೇ ಕಥೆ ಎಂದಾನು. ಕೊಲ್ಲಿಯ ಹಣ ಬಂದ ಮೇಲೆ ಈ ಊರು ಹೊರಗಿನ ಕಡೆ ಮುಖ ಮಾಡಿತು ಎಂದು ದೂರುವವರಿದ್ದಾರೆ. ಅದರ ಮುಖ ಯಾವತ್ತೂ ಕಡಲಿನ ಕಡೆಗೇ ಇತ್ತು. ಮನೆ ಮಾತ್ರ ಇಲ್ಲಿತ್ತು. 1919ರಲ್ಲಿ ಅಂಜುಮನ್ ಹಾಮಿ–ಎ–ಮುಸ್ಲಿಮೀನ್ ಸಂಸ್ಥೆಯನ್ನು ಕಟ್ಟಿದಾಗ ಅವರು ಶಾಲೆ ತೆರೆದದ್ದೂ ಇಲ್ಲಿಯೇ.

ಅಳಿವೆಯ ಬಳಿ ನಿಂತು ನಾವು ಮಾತಾಡುವ ಕನ್ನಡವನ್ನೇ ಸ್ವಲ್ಪ ಗಮನಿಸಿದರೂ ಸಾಕು. ಬಂದರು ಪರ್ಶಿಯನ್ ಪದ. ಲಂಗರು ಪರ್ಶಿಯನ್. ತೂಫಾನು, ಖಲಾಸಿ, ದಲಾಲಿ, ಮಾಲು, ಹವಾಮಾನದೊಳಗಿನ ಹವಾ, ಇವೆಲ್ಲ ಅರಬಿಯ ಮೂಲದವು. ಸರಕಿನ ಸುಂಕಕ್ಕೆ ನಮ್ಮ ಹಿರಿಯರು ಹೇಳುತ್ತಿದ್ದ ಜಕಾತಿಯಂತೂ ಝಕಾತ್ ಎಂಬ ಪದವೇ. ಮೊಗೇರನೊಬ್ಬ ಇಂದು ಬೆಳಗ್ಗೆ ಲಂಗರು ಎತ್ತಿ ಬಂದರು ಬಿಡುವಾಗ ಯಾವ ಧರ್ಮದ ಪದ ಬಳಸುತ್ತಿದ್ದೇನೆಂದು ಯೋಚಿಸುವುದಿಲ್ಲ. ನೇತ್ರಾಣಿಯ ಜಟ್ಟಿಗನಿಗೆ ಹರಕೆಯ ಆಡನ್ನು ಬಿಟ್ಟು ಬರುವವರಲ್ಲೂ ಒಂದೇ ಧರ್ಮದವರಿಲ್ಲ. ಕಡಲಿನಲ್ಲಿ ಬದುಕುವವರಿಗೆ ಗಾಳಿಯ ಭಯ ಒಂದೇ.

ಭಟ್ಕಳದ ಚರಿತ್ರೆಯನ್ನು ನಮ್ಮ ಪಠ್ಯಪುಸ್ತಕಗಳು ವಿಜಯನಗರದ ಕುದುರೆಗಳ ಬಗ್ಗೆ ಹೇಳುವಾಗ ಒಂದು ಸಾಲಿನಲ್ಲಿ ಮುಗಿಸುತ್ತವೆ. ಪತ್ರಿಕೆಗಳು 1993ರಿಂದ ಆರಂಭಿಸುತ್ತವೆ. ನಡುವಿನ ಆರು ಶತಮಾನಗಳನ್ನು ಕಲಿಸುವವರಿಲ್ಲ. ಆ ಊರಿನ ಮಕ್ಕಳಿಗೂ, ಹಿಂದೂ ಮುಸ್ಲಿಮ್ ಎನ್ನದೆ, ತಮ್ಮ ಅಳಿವೆಗೆ ಯಾರು ಯಾರು ಬಂದಿದ್ದರು, ಏನನ್ನು ತಂದರು, ಏನನ್ನು ಸುಟ್ಟರು ಎಂಬುದು ಗೊತ್ತಿಲ್ಲದಿದ್ದರೆ, ಹೊರಗಿನವರು ಅಂಟಿಸಿದ ಹೆಸರನ್ನೇ ಅವರು ತಮ್ಮದೆಂದು ನಂಬಿಬಿಡುವ ಅಪಾಯವಿದೆ. ಶಾಲೆಗಳು ಪ್ರವಾಸಕ್ಕೆಂದು ಬಸ್ಸು ಮಾಡಿಕೊಂಡು ದೂರದೂರುಗಳಿಗೆ ಹೋಗುತ್ತವೆ. ಒಂದು ದಿನ ಎರಡು ಕೋಮಿನ ಮಕ್ಕಳನ್ನೂ ಒಟ್ಟಿಗೆ ಕೂರಿಸಿಕೊಂಡು ಬಸದಿ, ಕೇತಪೈ ದೇವಸ್ಥಾನ, ಹಳೆಯ ಮಸೀದಿಗಳನ್ನು ತೋರಿಸಿ, ಸಂಜೆಗೆ ದೀಪಸ್ತಂಭದ ಗುಡ್ಡಕ್ಕೆ ಕರೆತರಲಿ. ದೀಪ ಹತ್ತುವ ಹೊತ್ತಿಗೆ ಯಾವ ದೋಣಿ ಯಾರದ್ದೆಂದು ಮೇಲಿನಿಂದ ಗುರುತಿಸಲು ಅವರಿಗೆ ಆಗಲಾರದು. ದೀಪವಂತೂ ಎಲ್ಲ ದೋಣಿಗಳಿಗೂ ದಾರಿ ತೋರಿಸುತ್ತದೆ.