ನೀವೇ ನೋಡಿ ಕೊಡಿ

ಓದದ ಮಕ್ಕಳನ್ನು ಗದರಿಸಲು ನಮ್ಮಲ್ಲಿ ಒಂದು ಮಾತಿದೆ: ‘ದನ ಕಾಯೋಕೆ ಹೋಗು.’ ನಾನೂ ಕೇಳಿದ್ದೇನೆ, ನೀವೂ ಕೇಳಿರುತ್ತೀರಿ. ಬುದ್ಧಿಯೂ ಬೇಡ, ಬೆಲೆಯೂ ಇಲ್ಲ, ಅಂಥ ಕೆಲಸ ಎಂಬ ಅರ್ಥ ಆ ಮಾತಿನಲ್ಲಿ ಅಡಗಿದೆ. ಆದರೆ ಮಗಳ ಬಾಣಂತನಕ್ಕೋ ನೆಂಟರ ಮದುವೆಗೋ ಹತ್ತು ದಿನ ಮನೆ ಬಿಟ್ಟು ಹೊರಟಾಗ ನಮ್ಮನ್ನು ಕಾಡುವ ಮೊದಲ ಚಿಂತೆ ಯಾವುದು? ಒಡವೆ ಬ್ಯಾಂಕಿನಲ್ಲಿರುತ್ತದೆ, ಮನೆಗೆ ಬೀಗ ಹಾಕಬಹುದು. ಹಸು, ನಾಯಿ, ಕೋಳಿಗಳನ್ನು ಬೀಗ ಹಾಕಿ ಬಿಟ್ಟು ಹೋಗಲಾಗುವುದಿಲ್ಲ. ಯಾರಿಗಾದರೂ ನೋಡಿಕೊಳ್ಳಲು ಹೇಳಬೇಕು. ಹೇಳಿದ ಮೇಲೆ ಏನು ಕೊಡಬೇಕು?

ಈ ಪ್ರಶ್ನೆ ಹೊಸದೇನಲ್ಲ. ನಾರದಸ್ಮೃತಿಯಲ್ಲಿ ಇದಕ್ಕೆ ಲೆಕ್ಕವೇ ಇದೆ. ನೂರು ಹಸು ಕಾಯುವವನಿಗೆ ವರ್ಷಕ್ಕೊಂದು ಕಡಸು. ಇನ್ನೂರು ಕಾಯುವವನಿಗೆ ಹಾಲು ಕರೆಯುವ ಒಂದು ಹಸು, ಜೊತೆಗೆ ಎಂಟು ದಿನಕ್ಕೊಮ್ಮೆ ಎಲ್ಲ ಹಸುಗಳ ಹಾಲು. ಮನುಸ್ಮೃತಿ ಹೊಣೆಯನ್ನೂ ಹಂಚಿತು: ಹಗಲು ದನಕ್ಕೆ ಏನಾದರೂ ಆದರೆ ಕಾಯುವವನ ಹೊಣೆ, ರಾತ್ರಿ ಒಡೆಯನ ಮನೆಯಲ್ಲಿ ಕಟ್ಟಿದ್ದರೆ ಒಡೆಯನದು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅರ್ಥಶಾಸ್ತ್ರದ ಮಾತು. ದನ ಕಾಯುವವರಿಗೆ ಸಂಬಳವನ್ನು ಹಣದಲ್ಲೇ ಕೊಡಬೇಕು, ಹಾಲು ತುಪ್ಪವನ್ನೇ ಸಂಬಳವಾಗಿ ಕೊಟ್ಟರೆ ಅವರು ಕರುಗಳಿಗೆ ಬಿಡದೆ ಕೊಲ್ಲುತ್ತಾರೆ ಎನ್ನುತ್ತಾನೆ ಕೌಟಿಲ್ಯ. ಕೊಟ್ಟಿಗೆಯಲ್ಲಿ ಕೈಯಾಡಿಸಿದ ಯಾವ ಹೆಂಗಸಿಗೂ ಈ ಮಾತು ಥಟ್ಟನೆ ಅರ್ಥವಾಗುತ್ತದೆ.

ಮೈಸೂರು ಸೀಮೆಯಲ್ಲಿ ಅರಮನೆಗೇ ದನಗಳ ಇಲಾಖೆಯಿತ್ತು. 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಮುಂದೆ ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟ. ಬಯಲುಸೀಮೆಯ ಕಾವಲುಗಳಲ್ಲಿ ಆ ದನಗಳು ಮೇಯುತ್ತಿದ್ದವು. ಅವು ತೋಪು ಎಳೆಯುವ, ದಂಡಿನ ಸಾಮಾನು ಹೊರುವ ದನಗಳಾದ್ದರಿಂದ ಅವುಗಳಿಗೊಂದು ಲೆಕ್ಕವಿತ್ತು, ಕಾಯಲು ಸರ್ಕಾರದ ಆಳುಗಳಿದ್ದರು.

ಆಲೂರು ಕಡೆಯ ನನ್ನ ತವರಲ್ಲಾಗಲಿ, ಸಕಲೇಶಪುರದ ಗಂಡನ ಮನೆಯಲ್ಲಾಗಲಿ ಆ ಲೆಕ್ಕ ಇರಲಿಲ್ಲ. ನಮ್ಮ ಮಲೆನಾಡು ಗಿಡ್ಡದ ಹಸು ಕೊಡುತ್ತಿದ್ದುದು ಒಂದು ಚೊಂಬು ಹಾಲು. ಸಾಕುತ್ತಿದ್ದುದೇ ಗೊಬ್ಬರಕ್ಕೆ. ಕಾಡಿನ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ, ಆ ಗೊಬ್ಬರವನ್ನು ಗದ್ದೆಗೂ ತೋಟಕ್ಕೂ ಹೊರುತ್ತಿದ್ದರು. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಕಾಲಿಗೆ ಹತ್ತಿದ ಉಂಬಳ ಕೀಳುತ್ತ ದಿನವಿಡೀ ದನಗಳ ಹಿಂದೆ ಅಲೆಯುತ್ತಿದ್ದವರು ಹೆಚ್ಚಾಗಿ ದಲಿತರ ಮನೆಯ ಹುಡುಗರು. ಹುಲಿಯ ಭಯವೂ ಇತ್ತು. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಎಂಬ ಸ್ಕಾಟಿಷ್ ಪ್ಲಾಂಟರ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ದನ ಹಿಡಿಯುವ ಹುಲಿಗಳ ಸುದ್ದಿ ಬೇಕಾದಷ್ಟಿದೆ.

ಆ ಹುಡುಗರಿಗೆ ಸಿಗುತ್ತಿದ್ದುದೇನು? ಹೊತ್ತಿನ ಊಟ, ವರ್ಷಕ್ಕೊಂದು ಕಂಬಳಿ, ಸುಗ್ಗಿಯಲ್ಲಿ ಒಂದಿಷ್ಟು ಭತ್ತ. ಎಷ್ಟೋ ಕಡೆ ಅಪ್ಪ ಮಾಡಿದ ಸಾಲಕ್ಕೆ ಮಗ ಜೀತಕ್ಕಿದ್ದ. ಅವನ ದುಡಿಮೆ ಬಡ್ಡಿಗೇ ವಜಾ ಆಗುತ್ತಿತ್ತು. 1975ರ ಅಕ್ಟೋಬರಿನ ಸುಗ್ರೀವಾಜ್ಞೆ, ಅದರ ಬೆನ್ನಿಗೆ 1976ರ ಕಾಯ್ದೆ ಜೀತವನ್ನು ರದ್ದು ಮಾಡಿದವು. ‘ಅನ್ನ ಹಾಕಿ ಸಾಕಿದ್ದೀವಿ, ಮತ್ತೇನು ಕೊಡೋದು?’ ಎಂಬ ಮಾತು ಮಾತ್ರ ಆಮೇಲೂ ನಮ್ಮ ಜಗುಲಿಗಳಲ್ಲಿ ಕೇಳಿಸುತ್ತಲೇ ಇತ್ತು.

ದೊರೆಗಳ ಬಂಗಲೆಯ ರೀತಿ ಬೇರೆ. ಅಲ್ಲಿ ಕುದುರೆಗೆ ಒಬ್ಬ ಸೈಸ, ಅದಕ್ಕೆ ಹುಲ್ಲು ಕೊಯ್ದು ತರಲು ಇನ್ನೊಬ್ಬ, ಇಬ್ಬರಿಗೂ ಬೇರೆ ಬೇರೆ ಸಂಬಳ. ದೊರೆಗಳು ಉದಾರಿಗಳೆಂದು ನಾನು ಹೇಳುತ್ತಿಲ್ಲ. ತೋಟದ ಆಳುಗಳಿಗೆ ಅವರು ಕೊಟ್ಟದ್ದು ಎಷ್ಟೆಂಬುದನ್ನು ಲೈನುಗಳ ಬದುಕೇ ಹೇಳುತ್ತದೆ. ಆದರೆ ಪ್ರಾಣಿಯ ಆರೈಕೆ ಒಂದು ಕೆಲಸ, ಅದಕ್ಕೆ ತಿಂಗಳಿಗಿಷ್ಟು ಎಂದು ಪುಸ್ತಕದಲ್ಲಿ ಬರೆಯುವ ರೂಢಿ ಅಲ್ಲಿತ್ತು.

ನಮ್ಮ ಮನೆಗಳಲ್ಲಿ ಇನ್ನೊಂದು ಲೆಕ್ಕವೂ ಬರೆಯದೆ ಉಳಿಯಿತು. ಸೆಗಣಿ ಬಾಚುವುದು, ಮುಸುರೆ ಇಡುವುದು, ಹಾಲು ಕರೆಯುವುದು, ರಾತ್ರಿ ಕರು ಹಾಕುವ ಹಸುವಿನ ಮುಂದೆ ಲಾಟೀನು ಹಿಡಿದು ಕೂರುವುದು, ಎಲ್ಲವೂ ಮನೆಯ ಸೊಸೆಯದು. ಅದಕ್ಕೆ ಕೂಲಿ ಕೇಳಿದವರುಂಟೆ? ನಾವು ಊರಿಗೆ ಹೊರಟು, ನಮ್ಮ ಜಾಗದಲ್ಲಿ ಇನ್ನೊಬ್ಬಳು ನಿಲ್ಲಬೇಕಾದಾಗಲೇ ಆ ಕೆಲಸಕ್ಕೊಂದು ಬೆಲೆ ಇದೆಯೆಂದು ಮನೆಯವರಿಗೆ ಕಾಣಿಸುವುದು. ‘ಎರಡು ಹೊತ್ತು ಹುಲ್ಲು ಹಾಕೋಕೆ ಅಷ್ಟೊಂದಾ?’ ಎಂದು ನನ್ನ ಯಜಮಾನರು ಹುಬ್ಬೇರಿಸಿದ್ದರು. ಮೂವತ್ತು ವರ್ಷ ನಾನು ಹಾಕಿದ ಹುಲ್ಲು ಆಗ ನನ್ನ ಕಣ್ಣ ಮುಂದೆ ಬಂತು.

ಈಗ ಗಿಡ್ಡದ ಹಸುಗಳು ಅಪರೂಪ. ನಮ್ಮಲ್ಲಿರುವುದು ಒಂದು ಸೀಮೆ ಹಸು, ಅದರ ಕರು, ಎರಡು ನಾಯಿ. ಕಳೆದ ಬಾರಿ ಬೆಂಗಳೂರಿಗೆ ಹೊರಟಾಗ ಹತ್ತಿರದ ಲೈನಿನ ಹೆಂಗಸನ್ನು ಕೇಳಿದೆ. ‘ನೀವೇ ನೋಡಿ ಕೊಡಿ ಅಮ್ಮೋರೆ’ ಎಂದಳು. ಎಲ್ಲರೂ ಹೀಗೇ ಹೇಳುತ್ತಾರೆ. ಕೇಳಲು ವಿನಯದಂತಿದ್ದರೂ ಅದರ ಹಿಂದೆ ಹಳೆಯ ಭಯವಿದೆ. ನಾನು ಬಿಡದೆ ಕೇಳಿದ ಮೇಲೆ ಹೇಳಿದಳು: ‘ನಮ್ಮಪ್ಪ ಸಣ್ಣೋನಿಂದ ಗೌಡ್ರ ಮನೆ ದನ ಕಾಯ್ದ. ಕೈಗೆ ಕಾಸು ಕೊಟ್ಟಿದ್ದು ಅವನು ಕಾಣೆ ಅಂತಿದ್ದ. ನಾನು ಹೆಂಗೆ ಬಾಯಿಬಿಟ್ಟು ಕೇಳ್ಲಿ?’

ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅಳತೆಗೋಲು ತೋಟದ ಒಂದು ದಿನದ ಕೂಲಿ. ಬೆಳಿಗ್ಗೆ ಸಂಜೆ ಬಂದು, ನಡುವೆ ತೋಟದ ಕೆಲಸಕ್ಕೆ ಹೋಗುವಂತಿದ್ದರೆ ಅರ್ಧ ದಿನದ್ದು. ಅವಳ ಕೂಲಿ ತಪ್ಪುವಂತಿದ್ದರೆ ಪೂರ್ತಿ ದಿನದ್ದು. ರಾತ್ರಿ ಉಳಿಯಬೇಕಾದರೆ ಅದಕ್ಕೆ ಬೇರೆ. ದೀಪಾವಳಿ, ಯುಗಾದಿಗೆ ತನ್ನ ಮನೆಯ ಹಬ್ಬ ಬಿಟ್ಟು ಬಂದರೆ ಎರಡರಷ್ಟು. ಹಾಲು ಅವಳಿಗೇ, ಆದರೆ ಅದನ್ನು ಕೂಲಿಯಲ್ಲಿ ಹಿಡಿಯುವಂತಿಲ್ಲ. ಕರುವಿನ ಪಾಲು ಕರುವಿಗೇ ಬಿಡಬೇಕು. ಹಿಂಡಿಯ ದುಡ್ಡು ಮೊದಲೇ ಕೊಡಬೇಕು, ಪಶುವೈದ್ಯರನ್ನು ಕರೆಸಬೇಕಾದರೆ ಬೇಕಾಗುವ ದುಡ್ಡು ಬೇರೆ ಲಕೋಟೆಯಲ್ಲಿರಬೇಕು. ಅವಳು ಸರಿಯಾಗಿ ನೋಡಿಕೊಂಡೂ ಹಸುವಿಗೆ ಏನಾದರಾದರೆ ನಷ್ಟ ನಮ್ಮದು.

ಇನ್ನೊಂದು ಮಾತನ್ನು ಅವಳೇ ಎತ್ತಿದಳು: ಆನೆ. ಸಕಲೇಶಪುರ, ಆಲೂರಿನ ತೋಟಗಳಲ್ಲಿ ಕಾಡಾನೆಗೆ ಸಿಕ್ಕಿ ಸತ್ತವರಿದ್ದಾರೆ. ಹಾಲು ಕರೆಯಲೆಂದು ಕತ್ತಲಲ್ಲೇ ಒಬ್ಬಂಟಿಯಾಗಿ ತೋಟ ಹಾದು ಬರುವುದಕ್ಕೆ ಎಷ್ಟು ಹೆಚ್ಚು ಕೊಟ್ಟರೂ ಸಾಲದು. ಬೆಳಕು ಹರಿದ ಮೇಲೇ ಬರಲಿ, ಹಸು ಒಂದು ತಾಸು ಕಾಯಲಿ ಎಂದು ತೀರ್ಮಾನಿಸಿದೆವು.

ಮನೆಕೆಲಸದವರಿಗೂ ಕನಿಷ್ಠ ಕೂಲಿ ಇಷ್ಟೆಂದು ಕರ್ನಾಟಕ ಸರ್ಕಾರ 2004ರಲ್ಲೇ ಗೊತ್ತುಮಾಡಿತು. ಆದರೆ ಹತ್ತು ದಿನದ ಇಂಥ ಕೆಲಸದ ಕೂಲಿಯನ್ನು ಕೇಳಲು ಯಾವ ಅಧಿಕಾರಿಯೂ ನಮ್ಮ ಕೊಟ್ಟಿಗೆಗೆ ಬರುವುದಿಲ್ಲ. ಅದು ಕೊಡುವವಳಿಗೂ ಪಡೆಯುವವಳಿಗೂ ಬಿಟ್ಟದ್ದು. ಆದ್ದರಿಂದ ಮೊತ್ತವನ್ನು ಮೊದಲು ಹೇಳಬೇಕಾದವರು ಕೊಡುವವರು, ಅಂದರೆ ನಾವು. ಹೇಳಿದ್ದರಲ್ಲಿ ಅರ್ಧವನ್ನು ಹೊರಡುವ ಮುಂಚೆಯೇ ಅವಳ ಕೈಗಿಟ್ಟರೆ, ಊರಲ್ಲಿ ನಮಗೂ ನೆಮ್ಮದಿಯಾಗಿ ನಿದ್ದೆ ಬರುತ್ತದೆ.