ಯೂರೋವಿಷನ್ ಗೀತಸ್ಪರ್ಧೆಯಲ್ಲಿ ಪೋರ್ಚುಗಲ್: 1974ರ ಪ್ರವೇಶಗೀತೆ ಮತ್ತು ಏಪ್ರಿಲ್ ಕ್ರಾಂತಿ

ಪೀಠಿಕೆ

1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ನಡೆದ ಯೂರೋವಿಷನ್ ಗೀತಸ್ಪರ್ಧೆಯಲ್ಲಿ 17 ದೇಶಗಳು ಭಾಗವಹಿಸಿದ್ದವು. ಸ್ವೀಡನ್ನಿನ ಅಬ್ಬಾ ತಂಡ ‘ವಾಟರ್ಲೂ’ ಹಾಡಿ 24 ಅಂಕ ಪಡೆದು ಗೆದ್ದಿತು. ಪೋರ್ಚುಗಲ್ ಪರವಾಗಿ ಪಾಲೊ ದೆ ಕರ್ವಾಲ್ಯೊ ಹಾಡಿದ ‘ಇ ದೆಪೊಯಿಶ್ ದು ಅದೆವುಶ್’, ಅಂದರೆ ‘ಮತ್ತು ವಿದಾಯದ ನಂತರ’ ಎಂಬ ಗೀತೆಗೆ ಸಿಕ್ಕಿದ್ದು 3 ಅಂಕ. ನಾರ್ವೆ, ಪಶ್ಚಿಮ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಿಗೂ ಅಷ್ಟೇ ಅಂಕ ಬಂದು ನಾಲ್ಕೂ ದೇಶಗಳು ಕೊನೆಯ ಸ್ಥಾನ ಹಂಚಿಕೊಂಡವು. ಹದಿನೆಂಟು ದಿನ ಕಳೆದ ಮೇಲೆ, ಏಪ್ರಿಲ್ 24ರ ರಾತ್ರಿ, ಅದೇ ಹಾಡು ಲಿಸ್ಬನ್ನಿನ ರೇಡಿಯೊದಲ್ಲಿ ಸೇನಾ ದಂಗೆಯ ಮೊದಲ ಸಂಕೇತವಾಗಿ ಬಿತ್ತರಗೊಂಡಿತು. ಮರುದಿನ ಸಂಜೆಯ ಹೊತ್ತಿಗೆ 48 ವರ್ಷಗಳ ಸರ್ವಾಧಿಕಾರ ಕೊನೆಗೊಂಡಿತ್ತು.

ಈ ಘಟನೆಯನ್ನು ಜನಪ್ರಿಯ ಬರಹಗಳು ‘ಸರಕಾರವನ್ನು ಉರುಳಿಸಿದ ಹಾಡು’ ಎಂಬ ರೋಚಕ ಕಥೆಯಾಗಿ ಹೇಳುತ್ತವೆ. ಆ ಹೇಳಿಕೆ ಎರಡು ಪ್ರಶ್ನೆಗಳನ್ನು ಮರೆಮಾಡುತ್ತದೆ. ರಾಜಕೀಯದ ಸುಳಿವೇ ಇಲ್ಲದ ಒಂದು ವಿರಹಗೀತೆಯನ್ನು ಸೈನಿಕರು ಆರಿಸಿಕೊಂಡದ್ದೇಕೆ? ಒಂದು ಹಾಡು ಸಾಕಾಗದೆ ಇನ್ನೊಂದು ಬೇಕಾದದ್ದೇಕೆ? ಪೋರ್ಚುಗಲ್ಲಿನ ಯೂರೋವಿಷನ್ ಪ್ರವೇಶಗಳ ಇತಿಹಾಸವನ್ನು 1964ರಿಂದ ಕ್ರಮವಾಗಿ ಓದಿದರೆ ಇವಕ್ಕೆ ಉತ್ತರ ಸಿಗುತ್ತದೆ. ಆ ಗೀತೆಯ ಉಪಯುಕ್ತತೆ ಇದ್ದದ್ದು ಅದರ ಸಾಹಿತ್ಯದಲ್ಲಲ್ಲ. ಸರಕಾರದ ಜರಡಿಯಲ್ಲಿ ಸೋಸಿ ಬಂದ ಕಾರಣಕ್ಕೇ ಅದು ಯಾರ ಸಂಶಯಕ್ಕೂ ಒಳಗಾಗದಂತಿತ್ತು ಎಂಬುದು ಈ ಲೇಖನದ ವಾದ.

ಪ್ರಸಾರ ಸಂಸ್ಥೆ, ಸ್ಪರ್ಧೆ ಮತ್ತು ಪ್ರಭುತ್ವ

ಯೂರೋವಿಷನ್ ಸ್ಪರ್ಧೆ 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳೊಂದಿಗೆ ಆರಂಭವಾಯಿತು. ಅದನ್ನು ನಡೆಸುವುದು ಯೂರೋಪಿಯನ್ ಪ್ರಸಾರ ಒಕ್ಕೂಟ. ಅಲ್ಲಿ ಸ್ಪರ್ಧಿಸುವುದು ಹೆಸರಿಗೆ ದೇಶಗಳಾದರೂ ವಾಸ್ತವದಲ್ಲಿ ಆಯಾ ದೇಶದ ಪ್ರಸಾರ ಸಂಸ್ಥೆಗಳು. ಗೀತೆಯನ್ನು ಆರಿಸುವ ಹೊಣೆ ಕೂಡ ಅವುಗಳದ್ದೇ. ಹಾಗಾಗಿ ಪ್ರಸಾರ ಸಂಸ್ಥೆ ಪ್ರಭುತ್ವದ ಹಿಡಿತದಲ್ಲಿರುವ ದೇಶದಲ್ಲಿ ಪ್ರವೇಶಗೀತೆಗೆ ಅಧಿಕೃತತೆಯ ಮುದ್ರೆ ತಾನಾಗಿಯೇ ಬೀಳುತ್ತದೆ.

ಪೋರ್ಚುಗಲ್ಲಿನಲ್ಲಿ ಆ ಸಂಸ್ಥೆ ಆರ್‌ಟಿಪಿ. 1957ರ ಮಾರ್ಚ್ 7ರಂದು ನಿಯಮಿತ ಟೆಲಿವಿಷನ್ ಪ್ರಸಾರ ಆರಂಭಿಸಿದ ಅದಕ್ಕೆ 1992ರವರೆಗೆ ದೇಶದಲ್ಲಿ ಪ್ರತಿಸ್ಪರ್ಧಿಯೇ ಇರಲಿಲ್ಲ. 1926ರ ಸೇನಾ ದಂಗೆಯ ಬಳಿಕ ಅಧಿಕಾರಕ್ಕೆ ಏರಿದ ಅಂತೋನಿಯೊ ದೆ ಒಲಿವೇರಾ ಸಾಲಾಜಾರ್ 1932ರಿಂದ 1968ರವರೆಗೆ ಪ್ರಧಾನಿಯಾಗಿದ್ದರು. ಅವರ ‘ಎಸ್ತಾದೊ ನೋವೊ’ (ಹೊಸ ಪ್ರಭುತ್ವ) ವ್ಯವಸ್ಥೆಯಲ್ಲಿ ಪತ್ರಿಕೆ, ಪುಸ್ತಕ, ನಾಟಕ, ಹಾಡು ಎಲ್ಲದರ ಮೇಲೂ ಸೆನ್ಸಾರ್ ನೀಲಿ ಪೆನ್ಸಿಲು ಆಡಿಸುತ್ತಿತ್ತು. ಜೊತೆಗೆ ಪಿಡೆ ಎಂಬ ರಾಜಕೀಯ ಪೊಲೀಸ್ ಪಡೆ ಇತ್ತು. 1969ರಲ್ಲಿ ಅದರ ಹೆಸರು ಡಿಜಿಎಸ್ ಎಂದು ಬದಲಾಯಿತು.

ಪೋರ್ಚುಗಲ್ ಮೊದಲು ಸ್ಪರ್ಧೆಗಿಳಿದದ್ದು 1964ರಲ್ಲಿ, ಕೋಪನ್‌ಹೇಗನ್ನಿನಲ್ಲಿ. ಅಂತೋನಿಯೊ ಕಲ್ವಾರಿಯೊ ಹಾಡಿದ ‘ಒರಸಾಂವ್’ (ಪ್ರಾರ್ಥನೆ) ಒಂದೂ ಅಂಕ ಪಡೆಯಲಿಲ್ಲ. ಆ ರಾತ್ರಿ ಕಾರ್ಯಕ್ರಮದ ನಡುವೆ ಒಬ್ಬಾತ ವೇದಿಕೆಗೆ ನುಗ್ಗಿ, ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಮತ್ತು ಸಾಲಾಜಾರರನ್ನು ಬಹಿಷ್ಕರಿಸಿ ಎಂಬ ಫಲಕ ಹಿಡಿದ. ಹಾಡು ಏನೇ ಹೇಳಲಿ, ಹೊರಗಿನವರ ಕಣ್ಣಿಗೆ ಅದು ಲಿಸ್ಬನ್ ಸರಕಾರದ ಪ್ರತಿನಿಧಿಯಾಗಿಯೇ ಕಂಡಿತ್ತೆಂಬುದಕ್ಕೆ ಇದು ಸಾಕ್ಷಿ. ಆದರೆ ಶೂನ್ಯ ಅಂಕಕ್ಕೆ ರಾಜಕೀಯವೊಂದೇ ಕಾರಣವೆನ್ನಲಾಗದು. ಅದೇ ವರ್ಷ ಪಶ್ಚಿಮ ಜರ್ಮನಿ, ಯುಗೊಸ್ಲಾವಿಯ ಮತ್ತು ಸ್ವಿಟ್ಜರ್ಲೆಂಡಿಗೂ ಶೂನ್ಯವೇ ದಕ್ಕಿತು.

ಅನುಮತಿಯೊಳಗಿನ ಭಿನ್ನದನಿ: 1967–1973

ಆರಂಭದ ಪ್ರವೇಶಗಳು ಪ್ರಭುತ್ವಕ್ಕೆ ತಲೆನೋವು ತರುವಂಥವಾಗಿರಲಿಲ್ಲ. 1967ರಲ್ಲಿ ಅಂಗೋಲದ ಲುವಾಂಡಾ ಮೂಲದ ಎದುವಾರ್ದೊ ನಾಸಿಮೆಂತೊ ದೇಶದ ಪರ ಹಾಡಿದರು. ಯೂರೋವಿಷನ್ ವೇದಿಕೆಯೇರಿದ ಮೊದಲ ಕಪ್ಪುವರ್ಣೀಯ ಪುರುಷ ಗಾಯಕ ಅವರು. ಆಗ ಅಂಗೋಲ, ಪೋರ್ಚುಗೀಸ್ ಗಿನಿ, ಮೊಜಾಂಬಿಕ್‌ಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರರ ವಿರುದ್ಧ ಪೋರ್ಚುಗಲ್ ಯುದ್ಧ ನಡೆಸುತ್ತಿತ್ತು. ಆಫ್ರಿಕದ ವಸಾಹತುಗಳು ಬೇರೆಯಲ್ಲ, ದೇಶದ ಕಡಲಾಚೆಯ ಪ್ರಾಂತ್ಯಗಳೇ ಎಂದು ಸರಕಾರ ಸಾಧಿಸುತ್ತಿದ್ದ ಹೊತ್ತಿಗೆ ಈ ಆಯ್ಕೆ ಅದರ ನಿಲುವಿಗೆ ಅನುಕೂಲವಾಗಿಯೇ ಇತ್ತು.

1969ರಿಂದ ಚಿತ್ರ ಬದಲಾಗುತ್ತದೆ. ಆ ವರ್ಷ ಮ್ಯಾಡ್ರಿಡ್‌ನಲ್ಲಿ ಸಿಮೋನೆ ದೆ ಒಲಿವೇರಾ ಹಾಡಿದ ‘ದೆಶ್ಫೊಲ್ಯಾದಾ ಪೊರ್ತುಗೇಸಾ’ ಗೀತೆಯ ಕವಿ ಜೊಸೆ ಕಾರ್ಲೊಶ್ ಆರಿ ದುಶ್ ಸಾಂತುಶ್, ಎಡಪಂಥೀಯರು. ಮಗುವನ್ನು ಹುಟ್ಟಿಸುವವರು ಸುಖಪಟ್ಟೇ ಹುಟ್ಟಿಸುತ್ತಾರೆ ಎಂಬರ್ಥದ ಒಂದು ಸಾಲು ಸಂಪ್ರದಾಯಸ್ಥ ಕ್ಯಾಥೊಲಿಕ್ ಸಮಾಜದಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಸ್ಪರ್ಧೆಯಲ್ಲಿ ಹಾಡು 15ನೇ ಸ್ಥಾನಕ್ಕೆ ಇಳಿದರೂ ತಾಯ್ನಾಡಿನಲ್ಲಿ ಮನೆಮಾತಾಯಿತು. ನಾಲ್ಕು ದೇಶಗಳು ಸಮಾನ ಅಂಕ ಪಡೆದು ಜಂಟಿ ವಿಜೇತರಾದ ಆ ವರ್ಷದ ಅಂಕಪದ್ಧತಿಯನ್ನು ಒಪ್ಪದೆ ಪೋರ್ಚುಗಲ್ 1970ರ ಸ್ಪರ್ಧೆಯಿಂದ ದೂರ ಉಳಿಯಿತು.

1973ರಲ್ಲಿ ಅದೇ ಕವಿ ಬರೆದು ಫೆರ್ನಾಂದೊ ತೊರ್ದೊ ಹಾಡಿದ ‘ತೊರಾದಾ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೇಲುನೋಟಕ್ಕೆ ಅದು ಗೂಳಿಕಾಳಗದ ಹಾಡು. ಅಖಾಡ, ಗೂಳಿ, ಪ್ರೇಕ್ಷಕರು, ಹಣವಂತರು ಎಂಬ ಚಿತ್ರಗಳ ಹಿಂದೆ ಆಳುವ ವರ್ಗದ ವಿಡಂಬನೆ ಇತ್ತು. ಸೆನ್ಸಾರಿನ ಕಣ್ಣು ತಪ್ಪಿಸಿ ಅದು ಲಕ್ಸೆಂಬರ್ಗಿನವರೆಗೂ ಹೋಗಿ 10ನೇ ಸ್ಥಾನ ಪಡೆಯಿತು. ಈ ಎರಡು ಗೀತೆಗಳು ತೋರಿಸುವುದಿಷ್ಟು: ಸಾಲಾಜಾರರ ಉತ್ತರಾಧಿಕಾರಿ ಮಾರ್ಸೆಲೊ ಕಾಯೆತಾನೊ ಅವರ ಕಾಲಕ್ಕೆ, ಪ್ರವೇಶಗೀತೆಯನ್ನು ಆರಿಸುವ ರಾಷ್ಟ್ರೀಯ ಗೀತೋತ್ಸವವು ಪ್ರಭುತ್ವದ ಕಾರ್ಯಕ್ರಮವಾಗಿದ್ದುಕೊಂಡೇ ಭಿನ್ನಮತದ ಕವಿಗಳಿಗೆ ಒಂದಿಷ್ಟು ಎಡೆ ಕೊಟ್ಟಿತ್ತು. ಹಾಗೆಂದು ಎಲ್ಲರಿಗೂ ಆ ಅವಕಾಶವಿರಲಿಲ್ಲ. ಜೊಸೆ ಅಫೊನ್ಸೊರಂಥ ಪ್ರತಿಭಟನಾ ಗಾಯಕರ ಹಾಡುಗಳು ನಿಷೇಧದ ಪಟ್ಟಿಯಲ್ಲಿದ್ದವು.

ಬ್ರೈಟನ್, 1974

ಈ ಹಿನ್ನೆಲೆಯಲ್ಲಿ ನೋಡಿದರೆ 1974ರ ಪ್ರವೇಶಗೀತೆ ಹಿಂದಿನ ವರ್ಷದ್ದಕ್ಕಿಂತ ಎಷ್ಟೋ ಸೌಮ್ಯ. ಜೊಸೆ ನೀಜಾ ಬರೆದು ಜೊಸೆ ಕಲ್ವಾರಿಯೊ ಸಂಗೀತ ಕೊಟ್ಟ ಅದು, ಪ್ರೇಮ ಮುಗಿದ ಮೇಲೆ ತಾನು ಯಾರೆಂದು ತನ್ನನ್ನೇ ಕೇಳಿಕೊಳ್ಳುವವನ ಅಳಲು. ವೈದ್ಯರಾಗಿದ್ದ ನೀಜಾ ಅಂಗೋಲದ ಯುದ್ಧಕಾಲದಲ್ಲಿ ಅಲ್ಲಿ ಸೇನೆಯಲ್ಲಿ ಸೇವೆ ಸಲ್ಲಿಸಿ ಬಂದವರು. ಹಾಡಿನಲ್ಲಿ ಮಾತ್ರ ಯುದ್ಧದ ಪ್ರಸ್ತಾಪವಿಲ್ಲ.

ಬ್ರೈಟನ್ನಿನ ಸೋಲಿಗೆ ಅಂಕಪದ್ಧತಿಯ ಪಾಲೂ ಇದೆ. ಆ ವರ್ಷ ಪ್ರತಿ ದೇಶದ ಹತ್ತು ಮಂದಿ ತೀರ್ಪುಗಾರರು ತಮಗೆ ಅತಿ ಇಷ್ಟವಾದ ಒಂದೇ ಹಾಡಿಗೆ ಒಂದೊಂದು ಮತ ಹಾಕುವ ನಿಯಮವಿತ್ತು. ಎಲ್ಲರಿಗೂ ಎರಡನೆಯದೋ ಮೂರನೆಯದೋ ಆಗಿ ಹಿಡಿಸಿದ ಹಾಡಿಗೆ ಈ ಪದ್ಧತಿಯಲ್ಲಿ ಏನೂ ದಕ್ಕದು. ಉಳಿದ 16 ದೇಶಗಳ 160 ತೀರ್ಪುಗಾರರಲ್ಲಿ ಮೂವರು ಪೋರ್ಚುಗಲ್ಲನ್ನು ಮೊದಲ ಆಯ್ಕೆಯಾಗಿಸಿಕೊಂಡರು ಎಂಬುದಷ್ಟೇ ಆ 3 ಅಂಕಗಳ ಅರ್ಥ. ಸ್ವಂತ ಭಾಷೆಯಲ್ಲೇ ಹಾಡಬೇಕೆಂಬ ನಿಯಮ ಆಗಷ್ಟೇ ಸಡಿಲಗೊಂಡಿದ್ದರಿಂದ ಸ್ವೀಡನ್ ಇಂಗ್ಲಿಷಿನಲ್ಲಿ ಹಾಡಿತು. ಪೋರ್ಚುಗಲ್ ತನ್ನ ಭಾಷೆ ಬಿಡಲಿಲ್ಲ.

ಆ ವರ್ಷ ರಾಜಕೀಯ ನುಸುಳಿದ್ದು ಬೇರೆ ದೇಶಗಳ ಪಾಲಿಗೆ. ಅಧ್ಯಕ್ಷ ಪಾಂಪಿಡೂ ಏಪ್ರಿಲ್ 2ರಂದು ತೀರಿಕೊಂಡ ಕಾರಣ ಫ್ರಾನ್ಸ್ ಸ್ಪರ್ಧೆಯಿಂದ ಹಿಂದೆ ಸರಿಯಿತು. ಇಟಲಿಯ ಗೀತೆಯ ಹೆಸರು ‘ಸೀ’, ಅಂದರೆ ‘ಹೌದು’. ಮೇ ತಿಂಗಳ ವಿಚ್ಛೇದನ ಜನಮತಗಣನೆಯ ಮೇಲೆ ಅದು ಪ್ರಭಾವ ಬೀರೀತೆಂದು ಹೆದರಿ ಅಲ್ಲಿನ ಸರಕಾರಿ ಪ್ರಸಾರ ಸಂಸ್ಥೆ ಅದರ ಪ್ರಸಾರವನ್ನೇ ತಡೆಹಿಡಿಯಿತು. ಪೋರ್ಚುಗಲ್ಲಿನ ಹಾಡಿನ ಬಗ್ಗೆ ಮಾತ್ರ ಯಾವ ಸರಕಾರಕ್ಕೂ ಅನುಮಾನ ಬರಲಿಲ್ಲ.

ಸೇನೆಯ ಅತೃಪ್ತಿ ಮತ್ತು ಗೋವಾದ ಪಾಠ

ಅಷ್ಟರಲ್ಲಿ ಸೇನೆಯೊಳಗೆ ಬೇಗುದಿ ಬಲಿತಿತ್ತು. ಕಡ್ಡಾಯ ಸೇವೆಗೆ ಬಂದ ಅಧಿಕಾರಿಗಳಿಗೆ ಅಲ್ಪಾವಧಿಯ ತರಬೇತಿಯ ಮೇಲೆ ಕಾಯಂ ಹುದ್ದೆ ಕೊಡುವ 1973ರ ಜುಲೈ ತಿಂಗಳ ಸುಗ್ರೀವಾಜ್ಞೆ ವೃತ್ತಿಪರ ಕ್ಯಾಪ್ಟನ್‌ಗಳನ್ನು ಕೆರಳಿಸಿತು. ಬಡ್ತಿಯ ಅಸಮಾಧಾನವಾಗಿ ಹುಟ್ಟಿದ್ದು ಕೆಲವೇ ತಿಂಗಳಲ್ಲಿ ಯುದ್ಧವನ್ನೂ ಆಡಳಿತವನ್ನೂ ಪ್ರಶ್ನಿಸುವ ಸಶಸ್ತ್ರ ಪಡೆಗಳ ಚಳವಳಿಯಾಗಿ, ಅಂದರೆ ಎಂಎಫ್‌ಎ ಆಗಿ, ರೂಪುಗೊಂಡಿತು. ಆಫ್ರಿಕದ ಯುದ್ಧ ಬಂದೂಕಿನಿಂದ ಗೆಲ್ಲುವಂಥದ್ದಲ್ಲ ಎಂದ ಜನರಲ್ ಸ್ಪಿನೊಲಾ ಅವರ ಪುಸ್ತಕ 1974ರ ಫೆಬ್ರವರಿಯಲ್ಲಿ ಹೊರಬಂತು.

ಈ ಬೇಗುದಿಯ ಒಂದು ಬೇರು ನಮ್ಮ ಪಕ್ಕದ ಗೋವಾದಲ್ಲಿದೆ. 1961ರ ಡಿಸೆಂಬರಿನಲ್ಲಿ ಭಾರತೀಯ ಸೇನೆ ಗೋವಾ ಪ್ರವೇಶಿಸಿದಾಗ, ಕೊನೆಯ ಉಸಿರಿನವರೆಗೆ ಹೋರಾಡಬೇಕೆಂಬುದು ಸಾಲಾಜಾರರ ಆಜ್ಞೆಯಾಗಿತ್ತು. ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ವ್ಯರ್ಥ ಸಾವುನೋವು ಬೇಡವೆಂದು ಡಿಸೆಂಬರ್ 19ರಂದು ಶರಣಾದರು. ಸ್ವದೇಶಕ್ಕೆ ಮರಳಿದ ಅವರನ್ನು ಸರಕಾರ ಸೇನೆಯಿಂದಲೇ ಹೊರಹಾಕಿತು. ರಾಜಕಾರಣಿಗಳು ಸೋತ ಯುದ್ಧದ ಕಳಂಕವನ್ನು ಸೈನಿಕರ ತಲೆಗೆ ಕಟ್ಟುತ್ತಾರೆ ಎಂಬ ಈ ನೆನಪು ಆಫ್ರಿಕದಲ್ಲಿ ಹೋರಾಡುತ್ತಿದ್ದ ಅಧಿಕಾರಿಗಳ ಮನಸ್ಸಿನಲ್ಲಿ ಉಳಿದಿತ್ತು. 

ಎರಡು ಹಾಡು, ಎರಡು ಕೆಲಸ

ದಂಗೆಯ ಯೋಜನೆ ರೂಪಿಸಿದವರು ಮೇಜರ್ ಒತೆಲೊ ಸರೈವಾ ದೆ ಕರ್ವಾಲ್ಯೊ. ಗಾಯಕ ಕರ್ವಾಲ್ಯೊಗೂ ಅವರಿಗೂ ಸಂಬಂಧವಿಲ್ಲ. ಬೇರೆ ಬೇರೆ ಊರುಗಳ ಪಾಳೆಯಗಳಲ್ಲಿರುವ ತುಕಡಿಗಳು ಒಂದೇ ಹೊತ್ತಿಗೆ ಹೊರಡಬೇಕಿತ್ತು. ದೂರವಾಣಿಯನ್ನು ನಂಬುವಂತಿರಲಿಲ್ಲ. ಅದೇ ವರ್ಷದ ಮಾರ್ಚ್ 16ರಂದು ಕಾಲ್ದಾಶ್ ದ ರೈನ್ಯಾದಿಂದ ಒಂದೇ ತುಕಡಿ ಹೊರಟು, ಬೇರೆಯವರು ಜೊತೆಗೂಡದೆ ದಂಗೆ ವಿಫಲವಾಗಿತ್ತು. ಎಲ್ಲರೂ ಕೇಳಬಲ್ಲ, ಯಾರೂ ತಡೆಯದ ಸಂಕೇತ ಬೇಕಿತ್ತು. ರೇಡಿಯೊ ಅದನ್ನು ಒದಗಿಸಿತು.

ಏಪ್ರಿಲ್ 24ರ ರಾತ್ರಿ 10 ಗಂಟೆ 55 ನಿಮಿಷಕ್ಕೆ ‘ಎಮಿಸ್ಸೋರೆಶ್ ಅಸೋಸಿಯಾದುಶ್ ದೆ ಲಿಸ್ಬೋವಾ’ ಕೇಂದ್ರದಲ್ಲಿ ನಿರೂಪಕ ಜೊಆಂವ್ ಪಾಲೊ ದಿನಿಸ್ ಸಮಯ ಹೇಳಿ ಪಾಲೊ ದೆ ಕರ್ವಾಲ್ಯೊ ಹಾಡನ್ನು ಹಾಕಿದರು. ಸಿದ್ಧರಾಗಿ ಎಂಬುದು ಅದರ ಸಂದೇಶ. ಆ ಕೇಂದ್ರದ ಪ್ರಸಾರ ಲಿಸ್ಬನ್ ಆಸುಪಾಸಿಗಷ್ಟೇ ತಲುಪುತ್ತಿತ್ತು. ಆದ್ದರಿಂದ ದೇಶದುದ್ದಕ್ಕೂ ಕೇಳಿಸುವ ಕ್ಯಾಥೊಲಿಕ್ ಕೇಂದ್ರ ‘ರಾದಿಯೊ ರೆನಾಶ್ಸೆನ್ಸಾ’ದಿಂದ ಎರಡನೆಯ ಸಂಕೇತ ಬರಬೇಕಾಯಿತು. ನಡುರಾತ್ರಿ ಕಳೆದು 20 ನಿಮಿಷಕ್ಕೆ ಜೊಸೆ ಅಫೊನ್ಸೊ ಅವರ ‘ಗ್ರಾಂದೊಲಾ, ವಿಲಾ ಮೊರೇನಾ’ ಮೊಳಗಿತು. ಇನ್ನು ಹಿಂದೆ ಸರಿಯುವಂತಿಲ್ಲ, ಹೊರಡಿ ಎಂಬುದು ಅದರ ಅರ್ಥ.

ಮೊದಲ ಸಂಕೇತಕ್ಕೆ ಬೇಕಾದ ಗುಣ ಒಂದೇ: ಅದು ಯಾರ ಕಿವಿಯನ್ನೂ ನಿಮಿರಿಸಬಾರದು. ದಂಗೆ ಆರಂಭವಾಗುವ ಗಂಟೆಗಳ ಮುಂಚೆ ಅಫೊನ್ಸೊ ಹಾಡು ಕೇಳಿಬಂದಿದ್ದರೆ ಡಿಜಿಎಸ್ ಎಚ್ಚೆತ್ತುಕೊಳ್ಳುವ ಅಪಾಯವಿತ್ತು. ಮಾರ್ಚ್ ತಿಂಗಳ ರಾಷ್ಟ್ರೀಯ ಗೀತೋತ್ಸವದಲ್ಲಿ ಗೆದ್ದು, ಏಪ್ರಿಲಿನಲ್ಲಿ ದೇಶದ ಪರ ಹಾಡಿಸಿಕೊಂಡ ಗೀತೆ ರೇಡಿಯೊದಲ್ಲಿ ದಿನವೂ ಬರುವುದು ಸಹಜವಾಗಿತ್ತು. ಗೂಳಿಕಾಳಗದ ಹಾಡಿಗೂ ಈ ಗೀತೆಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ‘ತೊರಾದಾ’ ಸೆನ್ಸಾರಿನಿಂದ ತನ್ನ ಅರ್ಥವನ್ನು ಮುಚ್ಚಿಟ್ಟುಕೊಂಡಿತ್ತು. ವಿದಾಯದ ಹಾಡಿಗೆ ಮುಚ್ಚಿಡಲು ಏನೂ ಇರಲಿಲ್ಲ. ಅದಕ್ಕೆ ಗುಟ್ಟಿನ ಅರ್ಥವನ್ನು ಹೊರಗಿನಿಂದ ತುಂಬಿದವರು ಸೈನಿಕರು.

ಮುಂದಿನದು ಪ್ರಸಿದ್ಧ. ಸಾಂತಾರೆಂನಿಂದ ಹೊರಟ ಕ್ಯಾಪ್ಟನ್ ಸಾಲ್ಗೇರೊ ಮಾಯಾ ಅವರ ತುಕಡಿ ಕಾರ್ಮೊ ಚೌಕದ ಪಾಳೆಯವನ್ನು ಸುತ್ತುವರಿಯಿತು. ಅಲ್ಲಿ ಅಡಗಿದ್ದ ಕಾಯೆತಾನೊ ಸಂಜೆ ಸ್ಪಿನೊಲಾ ಅವರಿಗೆ ಅಧಿಕಾರ ಒಪ್ಪಿಸಿದರು. ರೆಸ್ಟೋರೆಂಟ್ ಉದ್ಯೋಗಿಯೊಬ್ಬಳು ಸೈನಿಕರಿಗೆ ಹಂಚಿದ ಕಾರ್ನೇಷನ್ ಹೂಗಳಿಂದ ಕ್ರಾಂತಿಗೆ ಹೆಸರು ಬಂತು. ರಕ್ತಪಾತವಿಲ್ಲದ ಕ್ರಾಂತಿ ಎಂಬ ಮಾತು ಪೂರ್ತಿ ನಿಜವಲ್ಲ. ತಮ್ಮ ಕಚೇರಿಯ ಮುಂದೆ ಸೇರಿದ್ದ ಜನರ ಮೇಲೆ ಡಿಜಿಎಸ್‌ನವರು ಗುಂಡು ಹಾರಿಸಿ ನಾಲ್ವರನ್ನು ಕೊಂದರು.

ಕ್ರಾಂತಿಯ ನಂತರದ ಪ್ರವೇಶಗಳು

ಸೆನ್ಸಾರ್ ತೊಲಗಿದ ಮೇಲೆ ಹಾಡುಗಳು ಬಾಯಿಬಿಟ್ಟು ಮಾತಾಡಿದವು. 1975ರಲ್ಲಿ ಸ್ಟಾಕ್‌ಹೋಮಿಗೆ ಹೋದ ದುವಾರ್ತೆ ಮೆಂದೆಶ್ ಸ್ವತಃ ಸೇನೆಯ ಕ್ಯಾಪ್ಟನ್. ಅವರ ಹಾಡು ‘ಮದ್ರುಗಾದಾ’ (ಬೆಳಗಿನ ಜಾವ) ಏಪ್ರಿಲ್ ಕ್ರಾಂತಿಯ ನೇರ ಗುಣಗಾನ. 19 ದೇಶಗಳಲ್ಲಿ ಅದಕ್ಕೆ 16ನೇ ಸ್ಥಾನ ಸಿಕ್ಕಿತು. 1976ರಲ್ಲಿ ದೇಶಾಂತರವಾಸದಿಂದ ಮರಳಿದ್ದ ಕವಿ ಮನುವೆಲ್ ಅಲೆಗ್ರೆ ಅವರ ಕವಿತೆಯನ್ನು ಫಾದೊ ಗಾಯಕ ಕಾರ್ಲೊಶ್ ದು ಕಾರ್ಮೊ ಹಾಡಿದರು, 12ನೇ ಸ್ಥಾನ. ಸರ್ವಾಧಿಕಾರದ ಕೆಟ್ಟ ಹೆಸರೇ ಪೋರ್ಚುಗಲ್ಲಿನ ಸೋಲಿಗೆ ಕಾರಣವೆನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಪ್ರಜಾಪ್ರಭುತ್ವ ಬಂದ ಮೇಲೂ ಫಲಿತಾಂಶಗಳು ಹೆಚ್ಚೇನೂ ಸುಧಾರಿಸಲಿಲ್ಲ. 1996ರ ಆರನೇ ಸ್ಥಾನವೇ ಎರಡು ದಶಕಗಳ ಕಾಲ ಅತ್ಯುತ್ತಮ ಸಾಧನೆಯಾಗಿ ಉಳಿಯಿತು.

ಗೆಲುವು ಬಂದದ್ದು 2017ರಲ್ಲಿ, ಕೀವ್ ನಗರದಲ್ಲಿ. ಅಕ್ಕ ಲುಯೀಸಾ ರಚಿಸಿದ ‘ಅಮಾರ್ ಪೆಲೊಶ್ ದೊಯಿಶ್’ ಗೀತೆಯನ್ನು ಸಾಲ್ವದೊರ್ ಸೊಬ್ರಾಲ್ ಆಡಂಬರವಿಲ್ಲದೆ, ಪೋರ್ಚುಗೀಸಿನಲ್ಲೇ ಹಾಡಿ 758 ಅಂಕಗಳ ದಾಖಲೆ ಬರೆದರು. ಮರುವರ್ಷ ಲಿಸ್ಬನ್ನಿನಲ್ಲಿ ಆತಿಥೇಯ ದೇಶವೇ ಅಂತಿಮ ಸುತ್ತಿನ ಕೊನೆಯ ಸ್ಥಾನಕ್ಕೆ ಬಂತು.

ಸಮಾರೋಪ

ಈ ಚರಿತ್ರೆಯಿಂದ ಮೂರು ತೀರ್ಮಾನಗಳಿಗೆ ಬರಬಹುದು. ಒಂದು, 1974ರ ಪ್ರವೇಶಗೀತೆ ಕ್ರಾಂತಿಯನ್ನು ಹುಟ್ಟಿಸಲಿಲ್ಲ. ಕ್ರಾಂತಿಯ ಕಾರಣಗಳು ಆಫ್ರಿಕದ ಯುದ್ಧದಲ್ಲೂ ಸೇನೆಯ ಅತೃಪ್ತಿಯಲ್ಲೂ ಇದ್ದವು. ಎರಡು, ಸೆನ್ಸಾರ್ ಕೊಟ್ಟ ಒಪ್ಪಿಗೆಯೇ ಬಂಡಾಯಗಾರರಿಗೆ ಮರೆಯಾಯಿತು. ಪ್ರಸಾರವನ್ನು ಬಿಗಿಹಿಡಿದ ಪ್ರಭುತ್ವ ತನ್ನದೇ ಹಾಡಿನ ಬಗ್ಗೆ ಕಿವುಡಾಗಿತ್ತು. ಮೂರು, ಜನ ಕ್ರಾಂತಿಗೀತೆಯಾಗಿ ಇಂದಿಗೂ ಹಾಡುವುದು ‘ಗ್ರಾಂದೊಲಾ’ವನ್ನೇ, ಯೂರೋವಿಷನ್ ಗೀತೆ ಪಡೆದದ್ದು ಇತಿಹಾಸದಲ್ಲೊಂದು ಸ್ಥಾನವನ್ನು ಮಾತ್ರ.

ಕನ್ನಡದ ಓದುಗರಿಗೆ ಇದರಲ್ಲಿ ಇನ್ನೂ ಒಂದು ಎಳೆ ಇದೆ. ಗೋವಾ, ದಾಮನ್, ದೀವ್, ದಾದ್ರಾ ಮತ್ತು ನಗರ್ ಹವೇಲಿಗಳ ಮೇಲಿನ ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ ಒಪ್ಪಿದ್ದು ಏಪ್ರಿಲ್ ಕ್ರಾಂತಿಯ ಬಳಿಕ, 1974ರ ಡಿಸೆಂಬರ್ 31ರಂದು ದೆಹಲಿಯಲ್ಲಿ ಸಹಿಯಾದ ಒಪ್ಪಂದದಲ್ಲಿ. ವಸ್ಸಾಲೊ ಇ ಸಿಲ್ವಾ ಅವರಿಗೆ ಸೇನಾ ಗೌರವ ಮರಳಿ ಸಿಕ್ಕಿದ್ದೂ ಅದೇ ವರ್ಷ. ಗೋವಾ ವಿಮೋಚನೆಯ ಬಗ್ಗೆ ನಮ್ಮಲ್ಲಿ ಬರೆಯುವವರು ಕಥೆಯನ್ನು 1961ಕ್ಕೇ ಮುಗಿಸದೆ ಲಿಸ್ಬನ್ನಿನ ಈ ಅಧ್ಯಾಯದವರೆಗೂ ಒಯ್ಯಬೇಕು. ಆಗ ರೇಡಿಯೊ ಕೇಂದ್ರಗಳ, ಗೀತಸ್ಪರ್ಧೆಗಳ ಕಡತಗಳೂ ಇತಿಹಾಸದ ಆಕರಗಳಾಗುತ್ತವೆ.